ಸರ್‌ನೇಮ್ ಕಾಲಮ್ಮಿನಲ್ಲಿ ಏನು ಬರೆಯಲಿ ಎಂದು ಕೇಳಿದ ಗೆಳೆಯನಿಗೆ

ಫ್ಲಾರೆನ್ಸ್
ಭಾನುವಾರ ರಾತ್ರಿ

ಪ್ರೀತಿಯ ಮಂಜಪ್ಪ,

ನಿನ್ನ ಮೆಸೇಜು ಬಂದು ನಾಲ್ಕು ದಿನವಾಯಿತು. ಒಂದು ಸಾಲಿನಲ್ಲಿ ಉತ್ತರ ಕೊಡಬಹುದಿತ್ತು, ಮನಸ್ಸು ಬರಲಿಲ್ಲ. ಮಗಳ ಪಾಸ್‌ಪೋರ್ಟ್ ಅರ್ಜಿಯಲ್ಲಿ ಸರ್‌ನೇಮ್ ಅಂತ ಇದೆ, ನಮಗೆ ಅಂಥದ್ದು ಇಲ್ಲವಲ್ಲ, ಊರಿನ ಹೆಸರು ಹಾಕಲಾ, ಖಾಲಿ ಬಿಡಲಾ ಅಂತ ಕೇಳಿದ್ದೆ. ಕೊನೆಯಲ್ಲಿ ‘ನನ್ನ ಹೆಸರು ಹಾಕಿದರೆ ಏನು ಚಂದ, ಮಂಜಪ್ಪ ಅನ್ನೋದೂ ಒಂದು ಮನೆತನದ ಹೆಸರಾ’ ಅಂದಿದ್ದೆ. ಆ ಕೊನೆಯ ಮಾತೇ ನನ್ನನ್ನು ಹಿಡಿದು ಕೂರಿಸಿದ್ದು.

ಹದಿನಾಲ್ಕು ವರ್ಷದ ಹಿಂದೆ ಇದೇ ಕಾಲಮ್ಮಿನ ಮುಂದೆ ನಾನೂ ಪೆನ್ನು ಹಿಡಿದು ಕೂತಿದ್ದೆ. ನಮ್ಮ ಇನಿಶಿಯಲ್ಲಿನ ‘ಎಸ್’ ಅನ್ನು ಬಿಡಿಸಿ ಅಪ್ಪನ ಹೆಸರು ಬರೆದೆ. ಶಿವಪ್ಪ. ಇಟಲಿಗೆ ಬಂದಾಗ ಅದೇ ನನ್ನ ‘ಕೊನ್ಯೋಮೆ’ ಆಯಿತು, ಅಂದರೆ ಮನೆತನದ ಹೆಸರು. ಇಲ್ಲಿ ತೆರಿಗೆಗೆ, ಆಸ್ಪತ್ರೆಗೆ, ಬ್ಯಾಂಕಿಗೆ ಎಲ್ಲಕ್ಕೂ ಹದಿನಾರು ಅಕ್ಷರ-ಅಂಕಿಗಳ ಒಂದೇ ಸಂಖ್ಯೆ ಕೊಡುತ್ತಾರೆ. ಅದರ ಮೊದಲ ಮೂರು ಅಕ್ಷರ ಮನೆತನದ ಹೆಸರಿನ ವ್ಯಂಜನಗಳು. ನನ್ನದು ಎಸ್, ಎಚ್, ವಿ ಅಂತ ಶುರುವಾಗುತ್ತದೆ. ನನ್ನ ಹೆಸರು ಆಮೇಲೆ ಬರುತ್ತದೆ, ಅಪ್ಪ ಮೊದಲು. ಆಸ್ಪತ್ರೆಯ ಹಾಲಿನಲ್ಲಿ ನರ್ಸಮ್ಮ ಬಾಗಿಲು ತೆಗೆದು ‘ಸಿನ್ಯೋರ್ ಶಿವಪ್ಪ’ ಅಂತ ಕೂಗಿದಾಗ ಮೊದಲ ವರ್ಷಗಳಲ್ಲಿ ನಾನು ಹಿಂದೆ ತಿರುಗಿ ನೋಡುತ್ತಿದ್ದೆ. ಹರಿಹರದ ಆಚೆಗೆ ಹೆಚ್ಚು ಹೋಗದ ಮನುಷ್ಯ ಅವರು, ನಿನಗೆ ಗೊತ್ತಲ್ಲ. ಅವರು ಹೋಗಿ ಆರು ವರ್ಷವಾದರೂ ಇಲ್ಲಿ ದಿನಾ ಯಾರೋ ಅವರ ಹೆಸರು ಕರೆಯುತ್ತಾರೆ.

ಇಷ್ಟು ವರ್ಷ ಇಲ್ಲಿದ್ದು ತಿಳಿದುಕೊಂಡದ್ದು ಏನೆಂದರೆ, ಈ ದೇಶದ ಮನೆತನದ ಹೆಸರುಗಳಲ್ಲಿ ದೊಡ್ಡ ಪಾಲು ಹುಟ್ಟಿದ್ದೇ ಹೀಗೆ. ಯಾರೋ ಒಬ್ಬ ಅಪ್ಪನ ಹೆಸರು, ಅಥವಾ ಅಜ್ಜನದು, ಒಂದು ಕಾಲದಲ್ಲಿ ಹಾಗೇ ನಿಂತುಬಿಟ್ಟಿತು. ಅದಕ್ಕೂ ಮುಂಚೆ ಇವರೂ ನಮ್ಮಂತೆಯೇ ಇದ್ದರು. ಫ್ಲಾರೆನ್ಸಿನಲ್ಲಿ 1427ರಲ್ಲಿ ಮನೆಮನೆಯ ಆಸ್ತಿ ಬರೆಸಿಕೊಂಡ ತೆರಿಗೆ ಲೆಕ್ಕವೊಂದಿದೆ. ಅದರಲ್ಲಿ ಎಷ್ಟೋ ಜನಕ್ಕೆ ಮನೆತನದ ಹೆಸರೇ ಇಲ್ಲ, ‘ಪಿಯೆರೋನ ಮಗ ಜೊವಾನ್ನಿ’ ಅನ್ನುವ ಹಾಗೆ ಅಪ್ಪ-ಅಜ್ಜಂದಿರ ಸರಪಳಿ ಮಾತ್ರ. ಲಿಯೊನಾರ್ಡೊ ಡ ವಿಂಚಿಯದೂ ಅದೇ ಕತೆ. ‘ವಿಂಚಿ ಊರಿನ, ಸೇರ್ ಪಿಯೆರೋನ ಮಗ ಲಿಯೊನಾರ್ಡೊ’ ಅಂತ ಅಷ್ಟೇ. ನಿನ್ನ ಊರಿನ ಹೆಸರಿನ ಯೋಚನೆಗೆ ಅವನು ಸಾಕ್ಷಿಯಾಗಬಹುದು, ಆದರೆ ನನ್ನ ವಾದ ಬೇರೆ. 1563ರಲ್ಲಿ ಮುಗಿದ ಟ್ರೆಂಟ್ ಧರ್ಮಸಭೆಯ ನಂತರ ಚರ್ಚುಗಳು ಮದುವೆ, ಜ್ಞಾನಸ್ನಾನಗಳ ದಫ್ತರವನ್ನು ಕಡ್ಡಾಯವಾಗಿ ಇಡತೊಡಗಿದ ಮೇಲೆ ಹೆಸರುಗಳು ನಿಧಾನಕ್ಕೆ ಗಟ್ಟಿಯಾದವು.

ಇವತ್ತು ಬೆಳಿಗ್ಗೆ ಮಗಳನ್ನು ಕರೆದುಕೊಂಡು ಸಾಂತಾ ಕ್ರೋಚೆಗೆ ಹೋಗಿದ್ದೆ. ದೊಡ್ಡವರ ಸಮಾಧಿಗಳಿರುವ ಇಗರ್ಜಿ. ನಿನ್ನ ಪ್ರಶ್ನೆ ತಲೆಯಲ್ಲಿದ್ದದ್ದರಿಂದ ಈ ಸಲ ಶಿಲ್ಪ, ಚಿತ್ರ ಯಾವುದನ್ನೂ ನೋಡಲಿಲ್ಲ, ಬರೀ ಹೆಸರು ಓದಿದೆ.

ಗೆಲಿಲಿಯೋನ ಸಮಾಧಿ ಎಡಗಡೆ ಇದೆ. 1642ರಲ್ಲಿ ಸತ್ತಾಗ ಚರ್ಚಿನ ಕೋಪದಿಂದಾಗಿ ಅವನನ್ನು ಒಳಗಿನ ಒಂದು ಸಣ್ಣ ಕೋಣೆಯಲ್ಲಿ ಹೂಳಿದ್ದರು, ಈ ದೊಡ್ಡ ಸಮಾಧಿಗೆ ತಂದದ್ದು 1737ರಲ್ಲಿ. ಆದರೆ ಅದೇ ಇಗರ್ಜಿಯ ನೆಲದಲ್ಲಿ ಇನ್ನೊಬ್ಬ ಗೆಲಿಲಿಯೋನ ಕಲ್ಲುಚಪ್ಪಡಿ ಇದೆ, ಮಂಜಪ್ಪ. ಇವನಿಗಿಂತ ಹಿಂದಿನ ಶತಮಾನದ ವೈದ್ಯ, ಗೆಲಿಲಿಯೋ ಬೊನಾಯುತಿ. ಆ ಮನೆಯವರ ಹೆಸರು ಬೊನಾಯುತಿ ಅಂತಲೇ ಇತ್ತು. ಈ ವೈದ್ಯ ಊರಿನಲ್ಲಿ ಅಷ್ಟು ಹೆಸರು ಮಾಡಿದ್ದರಿಂದ ಅವನ ವಂಶದವರು ಹಳೆಯದನ್ನು ಬಿಟ್ಟು ಅವನ ಹೆಸರನ್ನೇ ಮನೆತನಕ್ಕೆ ಇಟ್ಟುಕೊಂಡರು. ಚಪ್ಪಡಿಯ ಮೇಲೆ ಲ್ಯಾಟಿನ್ನಿನಲ್ಲಿ ‘ಗೆಲಿಲೇಯಿಯವರ ಗೆಲಿಲಿಯೋ, ಹಿಂದೆ ಬೊನಾಯುತಿಯವರು’ ಎಂಬರ್ಥದ ಸಾಲು ಕೆತ್ತಿದೆ. 1564ರಲ್ಲಿ ಹುಟ್ಟಿದ ಮಗುವಿಗೆ ಆ ಹಿರಿಯನ ಹೆಸರನ್ನೇ ಮತ್ತೆ ಇಟ್ಟಾಗ ಅದು ಗೆಲಿಲಿಯೋ ಗೆಲಿಲೇಯಿ ಆಯಿತು. ನಾವು ಶಾಲೆಯಲ್ಲಿ ಪ್ರಾಸದ ಹಾಗೆ ಬಾಯಿಪಾಠ ಮಾಡಿದ ಹೆಸರಿನಲ್ಲಿ ಇಬ್ಬರಿದ್ದಾರೆ.

ಕೊನೆಯ ಆ ‘ಇ’ ಅಕ್ಷರವನ್ನು ಗಮನಿಸು. ಗೆಲಿಲಿಯೋ ಒಬ್ಬ ಮನುಷ್ಯ, ಗೆಲಿಲೇಯಿ ಅಂದರೆ ಅವನ ಮನೆಯವರು. ಮಾರ್ತಿನೋನ ಮನೆಯವರು ಮಾರ್ತಿನಿ, ಲೊರೆಂಜೋನ ಮನೆಯವರು ಲೊರೆಂಜಿ. ನಮ್ಮಲ್ಲಿ ಇದಕ್ಕೆ ಸರಿಸಾಟಿಯಾದದ್ದು ಇದೆ. ಧಾರವಾಡ, ಹಾವೇರಿ ಕಡೆಯ ನಮ್ಮ ಹಾಸ್ಟೆಲ್ ಹುಡುಗರ ಹಾಜರಿ ಪಟ್ಟಿ ನೆನಪಿಸಿಕೋ: ನಿಂಗಪ್ಪನವರ, ಭೀಮಣ್ಣವರ, ಮಲ್ಲಪ್ಪನವರ. ಎಂದೋ ಇದ್ದ ನಿಂಗಪ್ಪನ ಮನೆಯವರು ಅಂತಲೇ ತಾನೆ? ಆಗ ನಮಗೆ ಅದು ತಮಾಷೆಯಾಗಿ ಕೇಳುತ್ತಿತ್ತು. ಈಗ ಗೆಲಿಲಿಯೋನನ್ನು ‘ಗೆಲಿಲಿಯೋನವರ’ ಅಂತ ಓದಿದರೆ ನನಗೆ ಆ ಹೆಸರುಗಳ ಮೇಲೆ ಹೊಸ ಗೌರವ ಬರುತ್ತದೆ. ದಕ್ಷಿಣ ಇಟಲಿಯವರು ‘ಇ’ಗಿಂತ ‘ದಿ’, ‘ದೆ’ ಅಂತ ಮುಂದೆ ಸೇರಿಸುವುದು ಹೆಚ್ಚು. ದೆ ಲುಕಾ, ದಿ ಸ್ತೆಫಾನೋ. ಅಮ್ಮಂದಿರ ಹೆಸರೂ ಹೀಗೆ ಉಳಿದಿವೆ. ನೀನು ರಾತ್ರಿ ಎದ್ದು ಕೂತು ನೋಡಿದ ಫುಟ್‌ಬಾಲ್ ವಿಶ್ವಕಪ್ ಫೈನಲ್ಲಿನ ಅರ್ಜೆಂಟೀನಾದ ಆಟಗಾರ ದಿ ಮರಿಯಾನ ಹೆಸರಿನ ಅರ್ಥ ಮರಿಯಾಳ ಮಗ.

ಎದುರಿನ ಸಾಲಿನಲ್ಲಿ ಮೈಕೆಲೆಂಜೆಲೊ. ಅವನ ಮನೆತನ ಬುವೊನರೋತಿ. ಬುವೊನರೋತೋ ಎಂಬ ಹಿರಿಯನಿಂದ ಬಂದದ್ದು. ಮೈಕೆಲೆಂಜೆಲೊನ ಒಬ್ಬ ತಮ್ಮನ ಹೆಸರೂ ಬುವೊನರೋತೋ, ಹಿರಿಯರ ಹೆಸರನ್ನು ಮಕ್ಕಳಿಗೆ ಇಡುವ ಚಾಳಿ ಇವರಿಗೂ ಇತ್ತು. ಗೆಲಿಲಿಯೋ ಮನೆಯ ಹಳೆಯ ಹೆಸರಿನ ಬೊನಾಯುತೋ ಅಂದರೆ ಒಳ್ಳೆಯ ನೆರವು. ಮಗು ಹುಟ್ಟಿದ ಸಂತೋಷದಲ್ಲಿ, ಭಯದಲ್ಲಿ ಹರಕೆಯ ಹಾಗೆ ಇಡುತ್ತಿದ್ದ ಹೆಸರುಗಳಿವು. ‘ದಿಯೋತಲ್ಲೇವಿ’ ಅಂತ ಒಂದಿದೆ, ದೇವರು ನಿನ್ನನ್ನು ಸಾಕಲಿ ಅಂತ. ಯಾವ ತಾಯಿ ಎಷ್ಟು ಮಕ್ಕಳನ್ನು ಕಳೆದುಕೊಂಡ ಮೇಲೆ ಹಾಗೆ ಕರೆದಳೋ. ನಮ್ಮಲ್ಲಿ ಮಕ್ಕಳು ಉಳಿಯದ ಮನೆಗಳಲ್ಲಿ ಗುಂಡಪ್ಪ, ಕಲ್ಲಪ್ಪ, ತಿಪ್ಪಣ್ಣ ಅಂತ ಇಡುತ್ತಿದ್ದರಲ್ಲ, ಹಾಗೆ.

ಅಪ್ಪನ ಹೆಸರೇ ಗೊತ್ತಿಲ್ಲದ ಮಕ್ಕಳ ಆಶ್ರಮವೂ ಇದೇ ಊರಿನಲ್ಲಿತ್ತು, 1445ರಲ್ಲಿ ತೆರೆದ ಇನ್ನೊಚೆಂತಿ. ಅಲ್ಲಿ ಬೆಳೆದವರಿಂದ ಇನ್ನೊಚೆಂತಿ ಅನ್ನುವುದೇ ಒಂದು ಮನೆತನದ ಹೆಸರಾಗಿ ಈಗಲೂ ಉಳಿದಿದೆ.

ಸಾಂತಾ ಕ್ರೋಚೆಯಲ್ಲಿ ಕವಿ ಡಾಂಟೆಯದು ಖಾಲಿ ಸಮಾಧಿ. ಊರು ಅವನನ್ನು ಗಡೀಪಾರು ಮಾಡಿತು, ಅವನು 1321ರಲ್ಲಿ ರಾವೆನ್ನಾದಲ್ಲಿ ಸತ್ತ, ಮೂಳೆಗಳು ಅಲ್ಲೇ ಇವೆ. ಅವನ ಮನೆತನದ ಹೆಸರು ಅಲಿಗಿಯೇರಿ, ಮುತ್ತಜ್ಜ ಅಲಿಗಿಯೇರೋನಿಂದ ಬಂದದ್ದು. ಇದನ್ನು ಅವನೇ ತನ್ನ ಮಹಾಕಾವ್ಯದಲ್ಲಿ ಬರೆದಿದ್ದಾನೆ. ಸ್ವರ್ಗದಲ್ಲಿ ಅವನಿಗೆ ಮುತ್ತಜ್ಜನ ಅಪ್ಪ ಕಾಚಗುಯಿದ ಸಿಗುತ್ತಾನೆ. ‘ನನ್ನ ಹೆಂಡತಿ ಪೋ ನದಿಯ ಕಣಿವೆಯವಳು, ನಿನ್ನ ಮನೆಹೆಸರು ಬಂದದ್ದು ಅಲ್ಲಿಂದ’ ಅನ್ನುತ್ತಾನೆ. ಅಂದರೆ ಜಗತ್ತಿಗೇ ಗೊತ್ತಿರುವ ಆ ಹೆಸರು ಒಬ್ಬ ಸೊಸೆ ತವರಿನಿಂದ ತಂದದ್ದು. ಅಷ್ಟೇ ಅಲ್ಲ. ‘ಯಾರ ಹೆಸರನ್ನು ನೀನು ಹೊತ್ತಿದ್ದೀಯೋ ಆ ನನ್ನ ಮಗ ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಶುದ್ಧಿಪರ್ವತದ ಮೊದಲ ಸುತ್ತಿನಲ್ಲಿ ಸುತ್ತುತ್ತಿದ್ದಾನೆ, ನಿನ್ನ ಒಳ್ಳೆಯ ಕೆಲಸಗಳಿಂದ ಅವನ ದಣಿವನ್ನು ಕಡಿಮೆ ಮಾಡು’ ಅನ್ನುತ್ತಾನೆ. ಶುದ್ಧಿಪರ್ವತ ಅಂದರೆ ಸತ್ತವರು ಪಾಪ ತೊಳೆದುಕೊಳ್ಳುವ ಬೆಟ್ಟ, ಅದರ ಮೊದಲ ಸುತ್ತು ಅಹಂಕಾರಿಗಳದ್ದು. ಅಲ್ಲಿ ಬೆನ್ನ ಮೇಲೆ ಬಂಡೆ ಹೊತ್ತು ನಡೆಯಬೇಕು. ಈ ಸಾಲುಗಳನ್ನು ಮೊದಲ ಸಲ ಓದಿದಾಗ ಪಿತೃಪಕ್ಷದಲ್ಲಿ ನಮ್ಮಜ್ಜಿ ಎಡೆ ಇಟ್ಟು ಸುಮ್ಮನೆ ಕೂರುತ್ತಿದ್ದದ್ದು ಕಣ್ಣಮುಂದೆ ಬಂತು. ಹೆಸರು ಹೊತ್ತವನಿಗೆ ಹೆಸರು ಕೊಟ್ಟವನ ಋಣ ಇರುತ್ತದೆ ಅನ್ನುವುದು ಇವರಿಗೂ ಗೊತ್ತಿತ್ತು.

ಗೋಡೆಯ ಮೇಲೆ ಇನ್ನಿಬ್ಬರ ಸ್ಮಾರಕಗಳಿವೆ, ಇಬ್ಬರ ದೇಹವೂ ಇಲ್ಲಿಲ್ಲ. ಒಬ್ಬ ರೇಡಿಯೋದ ಮಾರ್ಕೋನಿ. ಮಾರ್ಕೋ ಎಂಬ ಹೆಸರಿಗೆ ‘ಓನೆ’ ಸೇರಿಸಿದರೆ ದೊಡ್ಡ ಮಾರ್ಕೋ, ‘ದೊಡ್ಡಬಸ್ಯ’ ಅನ್ನುತ್ತೀವಲ್ಲ ಹಾಗೆ. ಆ ದೊಡ್ಡ ಮಾರ್ಕೋನ ಮನೆಯವರು ಮಾರ್ಕೋನಿ. ಬೊಲೋನ್ಯಾದ ಹತ್ತಿರ ಅವನ ಸಮಾಧಿ ಇರುವ ಊರಿಗೇ ಈಗ ಸಾಸ್ಸೋ ಮಾರ್ಕೋನಿ ಅಂತ ಹೆಸರು. ಇನ್ನೊಬ್ಬ 1938ರ ನೊಬೆಲ್ ಪಡೆದ ಭೌತವಿಜ್ಞಾನಿ ಎನ್ರಿಕೋ ಫೆರ್ಮಿ. ಫೆರ್ಮೋ ಅನ್ನುವುದು ಗಟ್ಟಿಯಾದವನು, ಅಲುಗದವನು ಎಂಬರ್ಥದ ಹಳೆಯ ಹೆಸರು, ಆ ಹೆಸರಿನ ಸಂತನ ಇಗರ್ಜಿ ವೆರೋನಾದಲ್ಲಿದೆ. ನೀನು ಬಿ.ಎಸ್ಸಿ.ಯಲ್ಲಿ ಓದಿದ ಫೆರ್ಮಿಯಾನ್ ಎಂಬ ಕಣ ಅವನ ಹೆಸರಿನದ್ದು, ನಮ್ಮ ಸತ್ಯೇಂದ್ರನಾಥ ಬೋಸರ ಬೋಸಾನಿಗೆ ಜೋಡಿ. ಎಲೆಕ್ಟ್ರಾನ್, ಪ್ರೋಟಾನ್ ಎಲ್ಲ ಫೆರ್ಮಿಯಾನುಗಳೇ. ಯಾವ ಊರಿನ ಯಾವ ಹೊಲದಲ್ಲಿದ್ದನೋ ಆ ಮೊದಲ ಫೆರ್ಮೋ. ಅವನ ಮುಖ ಯಾರಿಗೂ ಗೊತ್ತಿಲ್ಲ. ಅಮ್ಮ ಊಟಕ್ಕೆ ಕೂಗುತ್ತಿದ್ದ ಅವನ ಹೆಸರು ಈಗ ನೀನು ಕೂತ ಕುರ್ಚಿಯ ಕಣಕಣದಲ್ಲೂ ಇದೆ. ಇದನ್ನು ಯೋಚಿಸುತ್ತಾ ನಾನು ಅಲ್ಲೇ ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕೂತೆ.

ನಿನ್ನ ಹೆಸರು ಸಾದಾ ಅಂದೆಯಲ್ಲ, ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ. ಇಲ್ಲಿ ಕರೆಯುವ ಹೆಸರೂ, ಮುದ್ದಿನ ಹೆಸರೂ ಮನೆತನಗಳಾಗಿವೆ. ಕೃಷ್ಣ ಕಿಟ್ಟಿ ಆಗುವ ಹಾಗೆ, ನಾರಾಯಣ ನಾಣಿ ಆಗುವ ಹಾಗೆ, ಬಾರ್ತೊಲೊಮೇಯೋ ಬರೀ ‘ಮೇಯೋ’ ಆಗುತ್ತಾನೆ. ಆ ಮೇಯೋನಿಂದ ಬಂದದ್ದು ಟೆಲಿಫೋನಿಗಾಗಿ ದುಡಿದ ಮೆಯೂಚಿಯ ಹೆಸರು, ಹುಟ್ಟಿದ್ದು ಇದೇ ಫ್ಲಾರೆನ್ಸಿನಲ್ಲಿ. ಲೊರೆಂಜೋ ರೆಂಜೋ ಆಗಿ ರೆಂಜಿ ಆಯಿತು, ಆ ಹೆಸರಿನವರು 2014ರಲ್ಲಿ ಇಲ್ಲಿ ಪ್ರಧಾನಿಯೂ ಆದರು. ಜೊವಾನ್ನಿಯಂತೂ ಜಾನ್ನಿ, ನಾನ್ನಿ, ವಾನ್ನಿ ಅಂತ ಒಡೆದು, ವೆನಿಸ್ ಕಡೆ ಜಾನ್ ಆಗಿ, ಒಂದೊಂದರಿಂದಲೂ ಹತ್ತಾರು ಮನೆತನ ಚಿಗುರಿವೆ. ಮಾರ್ಕೋ ಪೋಲೋನ ‘ಪೋಲೋ’ ಕೂಡ ವೆನಿಸ್ಸಿನವರ ಬಾಯಲ್ಲಿ ಪಾವೊಲೋ ಅಷ್ಟೇ. ನಮ್ಮ ಒಂಬತ್ತು ಅಂಕಿಗಳನ್ನು ‘ಭಾರತೀಯರ ಅಂಕಿಗಳು’ ಅಂತಲೇ ಕರೆದು 1202ರಲ್ಲಿ ಇಲ್ಲಿಯವರಿಗೆ ಕಲಿಸಿದ ಪೀಸಾದ ಲಿಯೊನಾರ್ಡೊನನ್ನು ಈಗ ಫಿಬೊನಾಚಿ ಅನ್ನುತ್ತಾರೆ, ಬೊನಾಚಿಯ ಮಗ. ಇವರಲ್ಲಿ ಯಾರ ಅಪ್ಪನೂ ‘ನನ್ನ ಹೆಸರೇನು ಮಹಾ’ ಅಂತ ಕೂತಿರಲಿಲ್ಲ, ಕೇಳಿದವರೂ ಇರಲಿಲ್ಲ.

ಎಲ್ಲವೂ ಅಪ್ಪನ ಹೆಸರಲ್ಲ, ನಿಜ. ಫೆರಾರಿ ಅಂದರೆ ಕಮ್ಮಾರರು, ಮೊಲಿನಾರಿ ಅಂದರೆ ಗಿರಣಿಯವರು. ನಮ್ಮಪ್ಪ ಊರಿಗೆಲ್ಲ ‘ಗಿರಣಿ ಶಿವಪ್ಪ’ ತಾನೆ? ತಲೆಯ ಮೇಲೆ ಜೋಳದ ಡಬ್ಬಿ ಹೊತ್ತು ನೀನೂ ಸಾಲಿನಲ್ಲಿ ನಿಲ್ಲುತ್ತಿದ್ದೆ. ‘ಗಿರಣಿ’ ಅಂತಲೂ ನಾನು ಆ ಕಾಲಮ್ಮಿನಲ್ಲಿ ಬರೆಯಬಹುದಿತ್ತು. ಅದೂ ಕೆಟ್ಟದಾಗುತ್ತಿರಲಿಲ್ಲ. ಆದರೆ ಗಿರಣಿ ಈಗ ಇಲ್ಲ, ಹೆಸರು ಇದೆ.

ಮಗಳು ಶಾಲೆಯಲ್ಲಿ ‘ಶಿವಪ್ಪ’ ಅಂತಲೇ ಕರೆಸಿಕೊಳ್ಳುತ್ತಾಳೆ. ತಾತನನ್ನು ಅವಳು ನೋಡಿದ್ದು ಎರಡೇ ಸಲ. ಊರಿನಲ್ಲೇ ಇದ್ದಿದ್ದರೆ ಅವಳ ಇನಿಶಿಯಲ್ ನನ್ನ ಹೆಸರಿನದಾಗುತ್ತಿತ್ತು, ಅಪ್ಪನ ಹೆಸರು ನನ್ನೊಂದಿಗೇ ಮುಗಿಯುತ್ತಿತ್ತು. ಇಲ್ಲಿ ಅದು ಒಂದು ತಲೆ ಮುಂದಕ್ಕೆ ಹೋಯಿತು. ಇವರ ಸಂವಿಧಾನ ಕೋರ್ಟು 2022ರಲ್ಲಿ, ಮಗುವಿಗೆ ತಾನಾಗಿಯೇ ಅಪ್ಪನ ಮನೆತನವೊಂದನ್ನೇ ಕೊಡುವುದು ಸರಿಯಲ್ಲ, ತಾಯಿಯದೂ ಸೇರಬೇಕು ಅಂದಿತು. ಅದು ನನಗೆ ತುಂಬಾ ಹಿಡಿಸಿದ ತೀರ್ಪು. ಡಾಂಟೆಯ ಮುತ್ತಜ್ಜನ ತಾಯಿ ನೆನಪಾದಳು. ನಿನ್ನ ಹೆಂಡತಿಯನ್ನೂ ಕೂರಿಸಿಕೊಂಡು ಮಾತಾಡು. ಅವಳ ತವರಿನ ಹೆಸರು ಬೇಕೆಂದರೆ ನನ್ನ ತಕರಾರಿಲ್ಲ.

ಇಲ್ಲದಿದ್ದರೆ ನಿನ್ನ ಹೆಸರೇ ಬರಿ. ಖಾಲಿ ಮಾತ್ರ ಬಿಡಬೇಡ, ಹೊರದೇಶದ ಎಷ್ಟೋ ಅರ್ಜಿಗಳಲ್ಲಿ ಆ ಜಾಗ ತುಂಬದೆ ಮುಂದೆ ಹೋಗಲು ಬಿಡುವುದಿಲ್ಲ, ಮಗು ಪರದಾಡುತ್ತಾಳೆ. ಹತ್ತನೇ ತರಗತಿಯ ಅಂಕಪಟ್ಟಿ, ಆಧಾರ್, ಪಾಸ್‌ಪೋರ್ಟ್ ಮೂರರಲ್ಲೂ ಸ್ಪೆಲ್ಲಿಂಗ್ ಒಂದೇ ಇರಲಿ. ನಿನ್ನ ಆಧಾರಿನಲ್ಲಿ ‘ಪಿ’ ಒಂದೇ ಇತ್ತು ಅಂತ ನೆನಪು, ಮೊದಲು ಅದನ್ನು ತಿದ್ದಿಸು. ಎರಡು ‘ಪಿ’ ಬೇಕು. ಅವಳು ಮುಂದೆ ಈ ಕಡೆ ಓದಲು ಬಂದರೆ ಇಲ್ಲಿಯವರು ಒತ್ತಕ್ಷರವನ್ನು ನುಂಗುವುದಿಲ್ಲ, ‘ಮಂಜಪ್ಪ’ ಅಂತ ನಮ್ಮಷ್ಟೇ ಗಟ್ಟಿಯಾಗಿ ಒತ್ತಿ ಕೂಗುತ್ತಾರೆ.

ಅಮ್ಮನಿಗೆ ನನ್ನ ನಮಸ್ಕಾರ ಹೇಳು. ಅರ್ಜಿ ಹಾಕಿದ ಮೇಲೆ ತಿಳಿಸು.

ನಿನ್ನ,
ಗಿರಣಿ ಶಿವಪ್ಪನ ಮಗ