ಹನ್ನೊಂದು ತಿಂಗಳು ಹಣ ಪಡೆದು ನಮ್ಮ ಬೆಲ್ಲದ ಪುಟಗಳನ್ನು ಗೂಗಲ್‌ಗೆ ಕಾಣದಂತೆ ಇಟ್ಟಿದ್ದರ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು,
ವೆಬ್‌ಸೈಟ್ ಮತ್ತು ಎಸ್‌ಇಒ ಸೇವಾ ಸಂಸ್ಥೆ, ಮೈಸೂರು

ಇವರಿಂದ,
ಆಲೆಮನೆ ಮಾಲೀಕ, ಮಂಡ್ಯ ತಾಲ್ಲೂಕು

ವಿಷಯ: ವೆಬ್‌ಸೈಟ್ ಕೋಡ್‌ನ ದೋಷ ಸರಿಪಡಿಸುವುದು, ಎಸ್‌ಇಒ (ಗೂಗಲ್ ಹುಡುಕಾಟದಲ್ಲಿ ಸೈಟನ್ನು ಮೇಲೆ ತರುವ ಕೆಲಸ) ಹೆಸರಿನಲ್ಲಿ ಪಡೆದ ಹಣ ಹಿಂದಿರುಗಿಸುವುದು.

ಮಾನ್ಯರೇ,

ಕಳೆದ ವರ್ಷ ದಸರಾ ಹೊತ್ತಿಗೆ ನೀವು ನಮ್ಮ ಆಲೆಮನೆಗೆ ವೆಬ್‌ಸೈಟ್ ಮಾಡಿಕೊಟ್ಟಿರಿ. ಅದಕ್ಕೆ 60,000 ರೂಪಾಯಿ ಕೊಟ್ಟೆ. ‘ಸೈಟ್ ಇದ್ದರೆ ಸಾಲದು ಸರ್, ಗೂಗಲ್‌ನಲ್ಲಿ ಮೇಲೆ ಬರಬೇಕು’ ಎಂದು ನೀವೇ ಹೇಳಿ, ತಿಂಗಳಿಗೆ 6,500 ರೂಪಾಯಿಯ ಎಸ್‌ಇಒ ಪ್ಯಾಕೇಜ್‌ಗೆ ಒಪ್ಪಿಸಿದಿರಿ. ನವೆಂಬರ್‌ನಿಂದ ಸೆಪ್ಟೆಂಬರ್‌ವರೆಗೆ ಹನ್ನೊಂದು ಕಂತು, ಒಟ್ಟು 71,500 ರೂಪಾಯಿ. ಒಂದು ತಿಂಗಳೂ ತಡ ಮಾಡದೆ ಕಟ್ಟಿದ್ದೇನೆ. ಸಂಕ್ರಾಂತಿಯ ಎಳ್ಳು-ಬೆಲ್ಲದ ವ್ಯಾಪಾರ ಹೋಯಿತು, ಯುಗಾದಿ ಹೋಯಿತು, ಗೌರಿ-ಗಣೇಶವೂ ಹೋಯಿತು. ಗೂಗಲ್‌ನಲ್ಲಿ ನೋಡಿ ಫೋನ್ ಮಾಡಿದ್ದೇವೆ ಎಂದವರು ಇಷ್ಟು ದಿನಕ್ಕೆ ಇಬ್ಬರೇ. ‘ಏನ್ಲಾ ಮಗ, ದುಡ್ ಕಟ್ಟಿದ್ದೂ ಕಟ್ಟಿದ್ದೇ, ಒಂದ್ ಫೋನೂ ಬರಾಕಿಲ್ವಲ್ಲ’ ಎಂದು ಅವ್ವ ಕೇಳಿದಾಗಲೆಲ್ಲ, ನೀವು ನನಗೆ ಹೇಳಿದ್ದನ್ನೇ ಅವರಿಗೆ ಹೇಳಿದೆ: ಎಸ್‌ಇಒಗೆ ಟೈಮ್ ಹಿಡಿಯುತ್ತದೆ.

ಟೈಮ್ ಹಿಡಿಯುವುದು ನಿಜವೇ. ಅದಕ್ಕೇ ಕಾದೆ. ಆದರೆ ಎಷ್ಟು ಕಾದರೂ ಬರಲು ಸಾಧ್ಯವಿರಲಿಲ್ಲ ಎಂದು ಈ ದಸರಾ ರಜೆಯಲ್ಲಿ ಗೊತ್ತಾಯಿತು.

ಮೈಸೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿರುವ ನನ್ನ ತಂಗಿಯ ಮಗಳು ರಜೆಗೆ ಬಂದವಳು ಎರಡು ದಿನ ಕೂತು ಸೈಟನ್ನು ನೋಡಿದಳು. ಮೂರು ಸಲ ಇಮೇಲ್ ಬರೆದ ಮೇಲೆ ನೀವು ಕೊಟ್ಟ, ಸೈಟಿನ ಕಡತಗಳನ್ನು ತೆರೆದು ನೋಡುವ ಎಫ್‌ಟಿಪಿ ಪಾಸ್‌ವರ್ಡ್ ನಮ್ಮಲ್ಲಿತ್ತು. ಮೊದಲು ಗೂಗಲ್ ಸರ್ಚ್ ಕನ್ಸೋಲ್‌ಗೆ ನಮ್ಮ ಸೈಟನ್ನು ಸೇರಿಸಿದಳು. ಅದು ಪುಕ್ಕಟೆ ಸಿಗುವ ಸವಲತ್ತು. ಗೂಗಲ್ ನಮ್ಮ ಯಾವ ಪುಟವನ್ನು ತೆಗೆದುಕೊಂಡಿದೆ, ಯಾವುದನ್ನು ಬಿಟ್ಟಿದೆ, ಯಾಕೆ ಬಿಟ್ಟಿದೆ ಎಂಬುದನ್ನು ಅಲ್ಲೇ ಹೇಳುತ್ತದೆ. ಹನ್ನೊಂದು ತಿಂಗಳು ಎಸ್‌ಇಒ ಮಾಡಿದ ನಿಮ್ಮವರು ಅದನ್ನು ತೆರೆದೇ ಇರಲಿಲ್ಲ. ತೆರೆದು ಒಂದೇ ಒಂದು ಬೆಲ್ಲದ ಪುಟದ ವಿಳಾಸ ಹಾಕಿದ್ದರೆ ನಮಗೆ ಬಂದ ಉತ್ತರವೇ ಅವರಿಗೂ ಬರುತ್ತಿತ್ತು: ಈ ಪುಟದಲ್ಲಿ ‘ನೋಇಂಡೆಕ್ಸ್’ ಇದೆ, ಆದ್ದರಿಂದ ಸೇರಿಸಿಲ್ಲ.

‘ನೋಇಂಡೆಕ್ಸ್’ ಎಂದರೆ ಈ ಪುಟವನ್ನು ಹುಡುಕಾಟದಲ್ಲಿ ತೋರಿಸಬೇಡ ಎಂದು ಗೂಗಲ್‌ಗೆ ನಾವೇ ಹೇಳುವ ಮಾತು. ಸೈಟ್ ಕಟ್ಟುವಾಗ, ಅರೆಬರೆ ಪುಟ ಹೊರಗೆ ಕಾಣದಿರಲಿ ಎಂದು ಅದನ್ನು ಹಾಕುವುದು ವಾಡಿಕೆಯಂತೆ. ಅದರಲ್ಲಿ ತಪ್ಪಿಲ್ಲ. ಕೆಲಸ ಮುಗಿದ ಮೇಲೆ ತೆಗೆಯಬೇಕಿತ್ತು. ನೀವು ಮುಖಪುಟದಲ್ಲಿ ತೆಗೆದಿರಿ, ಅಚ್ಚು ಬೆಲ್ಲ, ಬಕೆಟ್ ಬೆಲ್ಲ, ಪುಡಿ ಬೆಲ್ಲ, ಜೋನಿ ಬೆಲ್ಲ ಹೀಗೆ ಹದಿನಾಲ್ಕು ಮಾರಾಟದ ಪುಟಗಳಲ್ಲಿ ಹಾಗೇ ಬಿಟ್ಟಿರಿ.

ಇದು ಒಬ್ಬ ಹುಡುಗನ ಮರೆವು ಎಂದು ನೀವು ಹೇಳಬಹುದು. ಅದನ್ನು ನಾನು ಒಪ್ಪುವುದಿಲ್ಲ. ನೋಇಂಡೆಕ್ಸ್ ಇರುವುದು ಪುಟದ ಮೇಲ್ಭಾಗದ ಕೋಡ್‌ನಲ್ಲಿ. ಆ ಕೋಡ್ ಒಂದೇ ಕಡತದಲ್ಲಿದ್ದು, ಎಲ್ಲ ಪುಟಗಳೂ ಅದನ್ನೇ ಕರೆದುಕೊಳ್ಳುವಂತೆ ಬರೆದಿದ್ದರೆ ಒಂದು ಕಡೆ ಅಳಿಸಿದರೆ ಸಾಕಿತ್ತು. ನಿಮ್ಮವರು ಅದೇ ಮೇಲ್ಭಾಗವನ್ನು ಪ್ರತಿ ಪುಟಕ್ಕೂ ನಕಲು ಹೊಡೆದು ಅಂಟಿಸಿದ್ದಾರೆ. ಯುಗಾದಿ ಮುಂಚೆ ನಮ್ಮ ಫೋನ್ ನಂಬರ್ ಬದಲಾಯಿತು, ನಿಮಗೆ ತಿಳಿಸಿದೆ. ಮೂರು ಪುಟದಲ್ಲಿ ಹಳೆಯ ನಂಬರೇ ಉಳಿಯಿತು. ಕಾರಣ ಅದೇ ನಕಲು. ಬೆಲ್ಲದ ದರ ಮಂಡ್ಯದ ಎಪಿಎಂಸಿಯಲ್ಲಿ ಇಂದು ಇದ್ದಂತೆ ನಾಳೆ ಇರುವುದಿಲ್ಲ. ದರ ಬದಲಿಸಲು ಪ್ರತಿ ಸಲ 400 ರೂಪಾಯಿ ಬಿಲ್, ಮೂರು ದಿನ ಕಾಯುವುದು. ನಾನೇ ಬದಲಿಸಿಕೊಳ್ಳುವಂತೆ ಒಂದು ಕಡೆ ದರಪಟ್ಟಿ ಇಡಬಹುದಿತ್ತಲ್ಲ? ಕೋಡ್ ಅಚ್ಚುಕಟ್ಟಾಗಿರುವುದು ಬೇರೆ, ಗೂಗಲ್‌ನಲ್ಲಿ ಮೇಲೆ ಬರುವುದು ಬೇರೆ ಎಂಬಂತೆ ನೀವು ಎರಡು ಬಿಲ್ ಮಾಡಿದಿರಿ. ನಮ್ಮ ಸೈಟ್ ಕಾಣದೆ ಹೋದದ್ದು ಕೋಡ್ ಹೊಲಸಾಗಿದ್ದರಿಂದಲೇ.

ಇನ್ನೊಂದು ಸಂಗತಿ ನನಗೆ ಹಣಕ್ಕಿಂತ ಹೆಚ್ಚು ನೋವು ಕೊಟ್ಟಿದೆ. ‘ನಮ್ಮ ಬೆಲ್ಲ ಹೇಗಾಗುತ್ತದೆ’ ಎಂಬ ಪುಟಕ್ಕೆ ಅವ್ವ ಹೇಳುತ್ತಾ ಹೋದರು, ನಾನು ಬರೆದುಕೊಂಡೆ. ಕೋ 62175 ತಳಿಯ ಕಬ್ಬು ಎಷ್ಟು ತಿಂಗಳಿಗೆ ಕಡಿದರೆ ಕಬ್ಬಿನ ಹಾಲು ಚೆನ್ನ, ಕೊಪ್ಪರಿಗೆಯಲ್ಲಿ ಹಾಲು ಕಾದು ಮಡ್ಡಿ ಮೇಲೆದ್ದಾಗ ಬೆಂಡೆ ಗಿಡದ ಲೋಳೆ ಯಾವಾಗ ಬಿಡಬೇಕು, ಹದ ಬಂದಿದೆಯೋ ಇಲ್ಲವೋ ಎಂದು ಪಾಕವನ್ನು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಹೇಗೆ ನೋಡಬೇಕು, ನಾವು ಬಣ್ಣಕ್ಕೆ ಹೈಡ್ರೋಸ್ ಎಂಬ ರಾಸಾಯನಿಕ ಯಾಕೆ ಹಾಕುವುದಿಲ್ಲ. ನಾಲ್ಕು ಪುಟ. ನಲವತ್ತು ವರ್ಷ ಒಲೆ ಮುಂದೆ ನಿಂತವರ ಮಾತು. ಅದನ್ನು ನಿಮ್ಮ ಕಚೇರಿಯಲ್ಲಿ ಎಲ್ಲ ಕಂಪ್ಯೂಟರ್‌ಗಳೂ ಕನ್ನಡವೆಂದೇ ಓದುವ ಯೂನಿಕೋಡ್‌ನಲ್ಲಿ ಟೈಪ್ ಮಾಡದೆ, ನುಡಿ ತಂತ್ರಾಂಶದ ಹಳೆಯ ಆಸ್ಕಿ ಫಾಂಟ್‌ನಲ್ಲಿ (ಇಂಗ್ಲಿಷ್ ಅಕ್ಷರಗಳಿಗೆ ಕನ್ನಡದ ರೂಪ ತೊಡಿಸುವ ಫಾಂಟ್) ಟೈಪ್ ಮಾಡಿ, ಆ ಫಾಂಟನ್ನು ಸೈಟಿಗೆ ಜೋಡಿಸಿ ಹಾಕಿದ್ದಾರೆ. ಕಣ್ಣಿಗೆ ಕನ್ನಡವೇ. ತಂಗಿಯ ಮಗಳು ಅದರ ಒಂದು ಸಾಲನ್ನು ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಹಾಕಿ ತೋರಿಸಿದಳು. ಒಂದೂ ಕನ್ನಡ ಅಕ್ಷರವಿಲ್ಲ. ತಲೆಯ ಮೇಲೆ ಗೀಟು, ಚುಕ್ಕಿ ಹೊತ್ತ ಇಂಗ್ಲಿಷ್ ಅಕ್ಷರಗಳ ರಾಶಿ. ಗೂಗಲ್ ಓದುವುದು ಅದನ್ನೇ. ‘ಬೆಂಡೆ ಲೋಳೆ ಹಾಕಿದ ಬೆಲ್ಲ’ ಎಂದು ಯಾರು ಹುಡುಕಿದರೂ ಅವ್ವನ ಮಾತು ಅವರಿಗೆ ಸಿಗುವಂತಿಲ್ಲ. ಯೂನಿಕೋಡ್‌ನಲ್ಲಿ ಕನ್ನಡ 1991ರಿಂದಲೂ ಇದೆ. ಆಸ್ಕಿಯಿಂದ ಯೂನಿಕೋಡ್‌ಗೆ ಬದಲಿಸುವ ಸಲಕರಣೆಗಳೂ ಇವೆ. ಕನ್ನಡ ಸೈಟ್ ಮಾಡಿಕೊಡುತ್ತೇವೆ ಎಂದು ಬೋರ್ಡ್ ಹಾಕಿದವರು ಈ ತಪ್ಪು ಮಾಡಬಾರದಿತ್ತು.

ಹಾಗಾದರೆ 71,500ಕ್ಕೆ ಏನು ಮಾಡಿದಿರಿ? ಮದ್ದೂರಿನಲ್ಲಿ ಬೆಲ್ಲ, ಮಳವಳ್ಳಿಯಲ್ಲಿ ಬೆಲ್ಲ, ನಾಗಮಂಗಲದಲ್ಲಿ ಬೆಲ್ಲ, ಪಾಂಡವಪುರದಲ್ಲಿ ಬೆಲ್ಲ ಎಂದು ಊರಿನ ಹೆಸರೊಂದನ್ನೇ ಬದಲಿಸಿ ಮೂವತ್ತೆರಡು ಪುಟ ಮಾಡಿದ್ದೀರಿ. ಒಳಗಿನ ಬರಹ ಎಲ್ಲದರಲ್ಲೂ ಒಂದೇ. ಇಂಥವನ್ನು ‘ಡೋರ್‌ವೇ’ ಪುಟ ಎಂದು ಕರೆದು ಗೂಗಲ್ ತನ್ನ ಸ್ಪ್ಯಾಮ್ ನಿಯಮದಲ್ಲೇ ಸೇರಿಸಿದೆ. ಅವು ಮುಖಪುಟದ ನಕಲಾದ್ದರಿಂದ ಅವುಗಳಲ್ಲಿ ನೋಇಂಡೆಕ್ಸ್ ಇಲ್ಲ. ಮಾರುವ ಪುಟಕ್ಕೆ ಬೀಗ, ಕಸದ ಪುಟಕ್ಕೆ ತೆರೆದ ಬಾಗಿಲು. ಪ್ರತಿ ಪುಟಕ್ಕೂ ಅರವತ್ತು ಎಪ್ಪತ್ತು ‘ಕೀವರ್ಡ್’ (ಹುಡುಕುವ ಪದ) ತುಂಬಿದ, ಓದುಗರಿಗೆ ಕಾಣದ ಮೆಟಾ ಟ್ಯಾಗ್ ಇದೆ. ಅದನ್ನು ತಾನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ ಎಂದು ಗೂಗಲ್ 2009ರಲ್ಲೇ ಹೇಳಿದೆ. ಬೆಲ್ಲಕ್ಕೂ ಕೃಷಿಗೂ ಸಂಬಂಧವಿಲ್ಲದ ಸೈಟ್‌ಗಳಿಂದ ನಮಗೆ ಲಿಂಕ್ ಕೊಂಡಿದ್ದೀರಿ. ಲಿಂಕ್ ಕೊಳ್ಳುವಂಥ ಮೋಸ ಹಿಡಿಯಲೆಂದು 2012ರಲ್ಲಿ ಗೂಗಲ್ ತನ್ನ ಹುಡುಕಾಟದಲ್ಲಿ ಪೆಂಗ್ವಿನ್ ಎಂಬ ಬದಲಾವಣೆ ತಂದಿತು. ಬಣ್ಣ ಬರಲೆಂದು ಬೆಲ್ಲಕ್ಕೆ ಹೈಡ್ರೋಸ್ ಹಾಕುವವರ ಮುಂದೆ, ಕಪ್ಪಾದರೂ ಚಿಂತೆಯಿಲ್ಲ ಎಂದು ನಿಂತ ಮನೆ ನಮ್ಮದು. ನಮ್ಮ ಹೆಸರಿನಲ್ಲಿ ಇಂಥದ್ದು ಮಾಡುವ ಮೊದಲು ನೀವು ಒಂದು ಮಾತು ಕೇಳಬೇಕಿತ್ತು.

ತಿಂಗಳ ವರದಿಯಲ್ಲಿ ಹಸಿರು ಬಣ್ಣದಲ್ಲಿ ‘ಸ್ಥಾನ 1’ ಎಂದು ಕಳಿಸುತ್ತಿದ್ದಿರಿ. ಅದು ಯಾವ ಹುಡುಕಾಟಕ್ಕೆ ಎಂದು ಈಗ ನೋಡಿದರೆ, ನಮ್ಮ ಆಲೆಮನೆಯ ಹೆಸರಿಗೆ. ನಮ್ಮ ಹೆಸರು ಗೊತ್ತಿರುವವರಿಗೆ ನಮ್ಮನ್ನು ಹುಡುಕಿಕೊಡಲು ಎಸ್‌ಇಒ ಯಾಕೆ ಬೇಕು? ಮೊದಲ ಸ್ಥಾನದ ಗ್ಯಾರಂಟಿ ಎಂದು ಕೊಟೇಶನ್‌ನಲ್ಲಿ ಬರೆದಿದ್ದೀರಿ. ಅಂಥ ಗ್ಯಾರಂಟಿ ಯಾರೂ ಕೊಡಲಾರರು ಎಂದು ಗೂಗಲ್ ತಾನೇ ಬರೆದಿಟ್ಟಿದೆ.

ಯುಗಾದಿಯಲ್ಲಿ ನನ್ನನ್ನು ಕೇಳದೆ ಪುಟಗಳ ವಿಳಾಸ ಬದಲಿಸಿದಿರಿ. ಹಳೆಯ ವಿಳಾಸ ತೆರೆದವರನ್ನು ತಾನೇ ಹೊಸದಕ್ಕೆ ಕಳಿಸುವ 301 ರೀಡೈರೆಕ್ಟ್ ಹಾಕಲಿಲ್ಲ. ಅಷ್ಟರಲ್ಲಿ ಹಳೆಯ ವಿಳಾಸದ ಕ್ಯೂಆರ್ ಕೋಡ್ ಇರುವ 3,000 ಲೇಬಲ್ ಮುದ್ರಿಸಿ ಪುಡಿ ಬೆಲ್ಲದ ಪೊಟ್ಟಣಕ್ಕೆ ಅಂಟಿಸಿ ಆಗಿತ್ತು. ಮೈಸೂರಿನ ಒಂದು ಅಂಗಡಿಯಲ್ಲಿ ನಾನೇ ನಿಂತಿದ್ದಾಗ ಗಿರಾಕಿಯೊಬ್ಬರು ಫೋನ್ ಹಿಡಿದು ಸ್ಕ್ಯಾನ್ ಮಾಡಿದರು. 404, ಅಂದರೆ ಪುಟವೇ ಇಲ್ಲ ಎಂಬ ಉತ್ತರ, ಬಂತು. ‘ಇದು ಡೂಪ್ಲಿಕೇಟಾ?’ ಎಂದು ಅಂಗಡಿಯವರನ್ನು ಕೇಳಿ ಪೊಟ್ಟಣ ವಾಪಸ್ ಇಟ್ಟು ಹೋದರು.

ಮುಖಪುಟದ ಕೊಪ್ಪರಿಗೆ ಫೋಟೊ ಒಂದೇ 6 ಎಂಬಿಯಷ್ಟು ಭಾರ ಇರುವುದು, ಸರ್ವರ್‌ನಲ್ಲಿ 2022ರ ನವೆಂಬರ್‌ನಲ್ಲೇ ಬೆಂಬಲ ನಿಂತ, ಸೈಟ್ ನಡೆಸುವ ತಂತ್ರಾಂಶವಾದ ಪಿಎಚ್‌ಪಿ 7.4 ಓಡುತ್ತಿರುವುದು ನಿಮಗೂ ಗೊತ್ತಿರಲಿ.

ಇಷ್ಟನ್ನೂ ಫೋನಿನಲ್ಲಿ ಹೇಳಿದಾಗ ನಿಮ್ಮ ಕಚೇರಿಯಿಂದ ಬಂದ ಉತ್ತರ: ‘ಹಿಂದಿನ ಹುಡುಗ ಕೆಲಸ ಬಿಟ್ಟು ಹೋದ ಸರ್, ಅವನ ಕೋಡ್ ನಮಗೂ ಅರ್ಥ ಆಗ್ತಿಲ್ಲ, ಹೊಸದಾಗಿ ಮಾಡಿದರೆ 45,000 ಆಗುತ್ತೆ.’ ಸರ್ವರ್‌ನಲ್ಲಿ ನಾವು ನೋಡಿದ ಕಡತಗಳ ಹೆಸರು ‘ನ್ಯೂ’, ‘ನ್ಯೂ-2’, ‘ಫೈನಲ್’, ‘ಫೈನಲ್-ಓಕೆ’. ಕೋಡ್‌ನ ಬದಲಾವಣೆಗಳನ್ನು ಕಾದಿಡುವ ಗಿಟ್‌ನಲ್ಲಿ ಇಟ್ಟಿಲ್ಲ, ಯಾರು ಯಾವಾಗ ಏನು ಬದಲಿಸಿದರು ಎಂಬ ದಾಖಲೆ ಇಲ್ಲ, ಒಂದು ಸಾಲು ವಿವರಣೆ ಇಲ್ಲ. ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಕೆಲಸ ಬಿಡುವವರು ಬಿಡುತ್ತಾರೆ. ಮುಂದೆ ಬರುವವರು ಓದಿ ತಿದ್ದುವಂತೆ ಕೋಡ್ ಬರೆಸುವುದು ಸಂಸ್ಥೆಯ ಹೊಣೆ. ಆ ಹೊಣೆ ತಪ್ಪಿದ್ದಕ್ಕೆ ಇನ್ನೊಮ್ಮೆ ನಾನೇ ಹಣ ಕೊಡುವುದು ಯಾವ ನ್ಯಾಯ?

ನನಗೆ ಮೊದಲ ಸ್ಥಾನ ಬೇಡ. ನೋಇಂಡೆಕ್ಸ್ ತೆಗೆಯಿರಿ. ಮೇಲ್ಭಾಗ, ಫೋನ್ ನಂಬರ್, ದರ ಇವು ಒಂದೊಂದೇ ಕಡೆ ಇರುವಂತೆ ಕೋಡನ್ನು ಸರಿಮಾಡಿ. ಅವ್ವನ ಬರಹವನ್ನು ಯೂನಿಕೋಡ್‌ಗೆ ತನ್ನಿ. ಹಳೆಯ ವಿಳಾಸಗಳಿಗೆಲ್ಲ 301 ಹಾಕಿ. ಊರಿನ ಹೆಸರಿನ ಮೂವತ್ತೆರಡು ಪುಟ ಅಳಿಸಿ, ಕೊಂಡ ಲಿಂಕ್‌ಗಳನ್ನು ತೆಗೆಸಿ. ಈ ಕೆಲಸಕ್ಕೆ ಬಿಲ್ ಬೇಡ. ಡೊಮೇನ್ (ಸೈಟಿನ ವಿಳಾಸ) ನಿಮ್ಮ ಸಂಸ್ಥೆಯ ಹೆಸರಿನಲ್ಲಿದೆ, ಅದನ್ನೂ ಹೋಸ್ಟಿಂಗ್ ಖಾತೆಯನ್ನೂ ನನ್ನ ಹೆಸರಿಗೆ ಮಾಡಿ, ಕೋಡ್ ಮತ್ತು ಡೇಟಾಬೇಸ್‌ನ ಪೂರ್ತಿ ಪ್ರತಿ ಕೊಡಿ. ಎಸ್‌ಇಒಗೆಂದು ಪಡೆದ 71,500 ರೂಪಾಯಿ ಹಿಂದಿರುಗಿಸಿ.

ಈ ಪತ್ರ ತಲುಪಿದ 15 ದಿನದೊಳಗೆ ಲಿಖಿತ ಉತ್ತರ ಬಾರದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಮಂಡ್ಯದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ದೂರುದಾರ ಇರುವ ಊರಿನಲ್ಲೇ ದೂರು ಕೊಡಲು ಆ ಕಾಯ್ದೆಯಲ್ಲಿ ಅವಕಾಶವಿದೆ. ಇದು ವ್ಯಾಪಾರಕ್ಕೆ ಪಡೆದ ಸೇವೆ, ಆದ್ದರಿಂದ ನಾನು ಗ್ರಾಹಕನಲ್ಲ ಎಂಬ ವಾದ ನಿಮ್ಮಿಂದ ಬರಬಹುದು. ಸ್ವಂತ ದುಡಿಮೆಯ ಜೀವನೋಪಾಯಕ್ಕೆ ಸೇವೆ ಪಡೆದವರನ್ನು ಅದೇ ಕಾಯ್ದೆ ಗ್ರಾಹಕರೆಂದೇ ಎಣಿಸುತ್ತದೆ. ನಮ್ಮ ಮನೆಗೆ ಆಲೆಮನೆ ಬಿಟ್ಟರೆ ಬೇರೆ ಆದಾಯವಿಲ್ಲ.

ಹದಿನೈದೇ ದಿನ ಎಂದು ಬರೆದದ್ದಕ್ಕೆ ಕಾರಣವಿದೆ. ಎಳ್ಳು-ಬೆಲ್ಲದ ಆರ್ಡರ್ ಡಿಸೆಂಬರ್‌ನಲ್ಲೇ ಶುರುವಾಗುತ್ತದೆ. ನೀವು ಇಂದು ತಿದ್ದಿದರೂ ಗೂಗಲ್ ಎಲ್ಲ ಪುಟಗಳನ್ನು ಮತ್ತೆ ಓದಿ ಸೇರಿಸಿಕೊಳ್ಳಲು ಕೆಲವು ವಾರ ಬೇಕು. ಇನ್ನೊಂದು ಸಂಕ್ರಾಂತಿಯನ್ನು ಕಳೆದುಕೊಳ್ಳಲು ನಾವು ತಯಾರಿಲ್ಲ.

ಇಂತಿ,
ನಿಮ್ಮ ಗ್ರಾಹಕ,
ಆಲೆಮನೆ ಮಾಲೀಕ, ಮಂಡ್ಯ ತಾಲ್ಲೂಕು

ಲಗತ್ತು: ಹನ್ನೊಂದು ತಿಂಗಳ ಬಿಲ್ ಮತ್ತು ವರದಿಗಳ ನಕಲು, ಸರ್ಚ್ ಕನ್ಸೋಲ್‌ನ ಸ್ಕ್ರೀನ್‌ಶಾಟ್‌ಗಳು, ಅವ್ವನ ನಾಲ್ಕು ಪುಟದ ಯೂನಿಕೋಡ್ ಪ್ರತಿ, ಕ್ಯೂಆರ್ ಲೇಬಲ್ ಇರುವ ಒಂದು ಪೊಟ್ಟಣ.