ಪೌಚ್‌ನ ಹಿಂಬದಿ ಓದಿ ಮಾರುತ್ತೇವೆ: ಜೂನ್ 1ರಿಂದ ನಮ್ಮ ಅಂಗಡಿಯಲ್ಲಿ ಬೆಕ್ಕಿನ ವೆಟ್ ಫುಡ್

ಪ್ರೀತಿಯ ಗ್ರಾಹಕರೇ,

ಜೂನ್ 1ರಿಂದ ನಮ್ಮ ಮಂಗಳೂರಿನ ಅಂಗಡಿಯಲ್ಲಿ ಬೆಕ್ಕಿನ ವೆಟ್ ಫುಡ್, ಅಂದರೆ ಪೌಚ್‌ನಲ್ಲಿ ಬರುವ ನೀರಿನಂಶದ ಮೆತ್ತಗಿನ ಊಟ, ಮಾರುವ ಕ್ರಮ ಬದಲಾಗುತ್ತದೆ. ಹನ್ನೆರಡು ಪೌಚ್‌ಗಳ ಮಿಕ್ಸ್ ಡಬ್ಬಿ ಇನ್ನು ಇಡುವುದಿಲ್ಲ. ಕಪಾಟಿನಲ್ಲಿ ಕಂಪನಿ ಪ್ರಕಾರ ಜೋಡಿಸುವುದನ್ನೂ ಬಿಡುತ್ತೇವೆ. ಒಳಗೆ ಯಾವ ಮಾಂಸ, ಯಾವ ಮೀನು ಉಂಟು ಎಂದು ನೋಡಿ ಅದರ ಪ್ರಕಾರ ಜೋಡಿಸುತ್ತೇವೆ. ಬಿಲ್ ಜೊತೆ ಸುಮ್ನೆ ಕೊಡುತ್ತಿದ್ದ, ಟ್ಯೂಬ್‌ನಲ್ಲಿ ಬರುವ ಕ್ರೀಮ್ ಟ್ರೀಟ್ ಕೂಡ ನಿಲ್ಲುತ್ತದೆ. ಯಾಕೆ ಅಂತ ನಿಮಗೆ ಸರಿಯಾಗಿ ಹೇಳಬೇಕು. ತಪ್ಪು ನಮ್ಮದು. ಅದರಿಂದಲೇ ಶುರು ಮಾಡುತ್ತೇವೆ.

ನಮ್ಮಲ್ಲಿಗೆ ವರ್ಷಗಳಿಂದ ಬರುವ ಒಬ್ಬರು ನಿವೃತ್ತ ಟೀಚರ್ ಇದ್ದಾರೆ. ಅವರ ಬೆಕ್ಕು ಕೆಂಚ, ಆರು ವರ್ಷದ ಗಂಡು. ಅವನಿಗೆ ತಲೆ, ಕಿವಿ, ಕುತ್ತಿಗೆಯಲ್ಲಿ ಒಂದೇ ಸಮನೆ ತುರಿಕೆ. ಕುತ್ತಿಗೆಯ ಕೂದಲಿನೊಳಗೆ ಬೆರಳಾಡಿಸಿದರೆ ರಾಗಿ ಕಾಳು ಸಿಕ್ಕಿದ ಹಾಗೆ ಸಣ್ಣ ಸಣ್ಣ ಹಕ್ಕಳೆ. ಹೊಟ್ಟೆಯ ಅಡಿಯನ್ನು ನೆಕ್ಕಿ ನೆಕ್ಕಿ ಬೋಳು ಮಾಡಿಕೊಂಡಿದ್ದ. ಡಾಕ್ಟರ್ ಮೊದಲು ಚಿಗಟಕ್ಕೆ ಮದ್ದು ಹಾಕಿದರು. ಬೆಕ್ಕಿನ ತುರಿಕೆಗೆ ಊಟಕ್ಕಿಂತ ಚಿಗಟವೇ ಜಾಸ್ತಿ ಕಾರಣ, ಹಾಗಾಗಿ ಅದನ್ನು ಮೊದಲು ನೋಡುವುದು ಸರಿಯಾದ ಕ್ರಮ. ಅದರಿಂದ ತುರಿಕೆ ಹೋಗದಿದ್ದಾಗ, ಊಟದ ಅಲರ್ಜಿಯೋ ಎಂದು ನೋಡಲು ಎಂಟು ವಾರ ಬಾತುಕೋಳಿ ಮಾಂಸದ ಆಹಾರ ಮಾತ್ರ ಕೊಡಿ ಅಂದರು. ಬೇರೆ ಒಂದು ತುಣುಕೂ ಇಲ್ಲ. ಕೆಂಚ ಹುಟ್ಟಿದಂದಿನಿಂದ ಬಾತು ತಿಂದವನಲ್ಲ, ಅದಕ್ಕೇ ಬಾತು.

ಟೀಚರ್ ಶಿಸ್ತಿನವರು. ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗೀಟು ಹಾಕಿ ನಾಲ್ಕು ವಾರ ದಾಟಿಸಿದರು. ಕುತ್ತಿಗೆ ಒಣಗುತ್ತಾ ಬಂದಿತ್ತು. ಐದನೇ ವಾರ ನಮ್ಮಲ್ಲಿ ಆ ಬಾತಿನ ಪೌಚ್ ಖಾಲಿಯಾಯಿತು. ಗಲ್ಲೆಯಲ್ಲಿದ್ದ ನಾನು ಇನ್ನೊಂದು ಪೌಚ್ ತೆಗೆದು ಕೊಟ್ಟೆ. ಮುಂಬದಿಯಲ್ಲಿ ಬಾತಿನ ಚಿತ್ರ, ದಪ್ಪ ಅಕ್ಷರದಲ್ಲಿ ಬಾತಿನ ಹೆಸರು. "ಇದೂ ಅದೇ ಟೀಚರೇ, ಧೈರ್ಯದಲ್ಲಿ ಕೊಡಿ" ಅಂದೆ. ಹಿಂದೆ ತಿರುಗಿಸಿ ನೋಡಲಿಲ್ಲ.

ನಾಲ್ಕು ದಿನ ಬಿಟ್ಟು ಅವರು ಖಾಲಿ ಪೌಚನ್ನು ತೊಳೆದು, ಒಣಗಿಸಿ, ಮಡಚಿ ತಂದರು. ಜೊತೆಗೆ ಭೂತಗನ್ನಡಿ. ಗಲ್ಲೆಯ ಮೇಲೆ ಇಟ್ಟು ಬೆರಳು ತೋರಿಸಿದರು. "ಇದ್ರಲ್ಲಿ ಕೋಳಿ ಉಂಟಲ್ಲ ಮಾರಾಯ್ರೆ." ಮೊದಲ ಹೆಸರು ಕೋಳಿ. ಎರಡನೆಯದು ಕೋಳಿ ಲಿವರ್. ಬಾತು ಎಲ್ಲೋ ಕೆಳಗೆ, ನೂರಕ್ಕೆ 4ರಷ್ಟು. ಕೆಂಚನ ಕುತ್ತಿಗೆ ಮತ್ತೆ ಕೆಂಪಾಗಿತ್ತು. ಅವರು ಬೈಯಲಿಲ್ಲ. ಆದರೆ ಎಂಟು ವಾರದ ಲೆಕ್ಕ ಮೊದಲ ದಿನದಿಂದ ಮತ್ತೆ ಶುರುವಾಯಿತು. ಆ ಬೆಕ್ಕು ಇನ್ನೊಂದು ತಿಂಗಳು ಜಾಸ್ತಿ ಕೆರೆದುಕೊಂಡದ್ದು ನನ್ನ ಒಂದು ಮಾತಿನಿಂದ. ಟೀಚರ್ ಹತ್ತಿರ ಅವತ್ತೇ ಕ್ಷಮೆ ಕೇಳಿದ್ದೇವೆ. ನಿಮ್ಮಲ್ಲಿ ಬೇರೆ ಯಾರಿಗಾದರೂ ಹೀಗೆ ಆಗಿದ್ದರೆ ಈ ಪತ್ರದಲ್ಲಿ ಅವರ ಹತ್ತಿರವೂ ಕೇಳುತ್ತೇವೆ.

ಆ ರಾತ್ರಿ ಶಟರ್ ಎಳೆದ ಮೇಲೆ ನಾನು ಮತ್ತು ತಮ್ಮ ಕಪಾಟಿನಲ್ಲಿದ್ದ ಒಂದೊಂದು ಪೌಚನ್ನೂ ತಿರುಗಿಸಿ ಓದಿದೆವು. ಟ್ಯೂನಾ ಎಂದು ಮಾರುತ್ತಿದ್ದದ್ದರಲ್ಲಿ ಕೋಳಿ. ಸಾಲ್ಮನ್ ಎಂದು ಮಾರುತ್ತಿದ್ದದ್ದರಲ್ಲಿ ಕೋಳಿ. ಕುರಿ ಅಂದದ್ದರಲ್ಲೂ ಕೋಳಿ. ಕೆಲವದರಲ್ಲಿ ಯಾವ ಪ್ರಾಣಿ ಎನ್ನುವ ಹೆಸರೇ ಇಲ್ಲ, ಬರೀ 'ಮಾಂಸ ಮತ್ತು ಪ್ರಾಣಿಜನ್ಯ ಪದಾರ್ಥ' ಅಂತ. ಕಂಪನಿಗಳು ಮುಚ್ಚಿಟ್ಟದ್ದು ಅಂತಲ್ಲ. ಎಲ್ಲ ಹಿಂಬದಿಯಲ್ಲಿ ಬರೆದೇ ಇತ್ತು, ಓದದೆ ಮಾರಿದವರು ನಾವು. ಅಮೆರಿಕದ ನಿಯಮದಲ್ಲಿ 'ವಿದ್ ಡಕ್' ಅಂತ ಬರೆಯಲು ಬಾತು ನೂರಕ್ಕೆ 3ರಷ್ಟು ಇದ್ದರೆ ಸಾಕು. ಯುರೋಪಿನಲ್ಲಿ 4. 'ಫ್ಲೇವರ್' ಅಂತ ಮಾತ್ರ ಇದ್ದರೆ ಅದಕ್ಕಿಂತಲೂ ಕಡಿಮೆ ಇರಬಹುದು. ಆರೋಗ್ಯವಾಗಿರುವ ಬೆಕ್ಕಿಗೆ ಇದರಿಂದ ಏನೂ ತೊಂದರೆ ಇಲ್ಲ. ಕೆಂಚನಂಥವರಿಗೆ ಆ ಬಾಕಿ 96 ಭಾಗವೇ ಎಲ್ಲ.

ಹಾಗಾಗಿ ಈಗ ಪ್ರತಿ ಪೌಚ್‌ನ ಕೆಳಗೆ ಒಂದು ಕನ್ನಡದ ಚೀಟಿ ಇರುತ್ತದೆ. ಅದರೊಳಗಿನ ಪ್ರತಿಯೊಂದು ಪ್ರಾಣಿಯ ಹೆಸರು ಅದರಲ್ಲಿ ಬರೆದಿರುತ್ತೇವೆ, ಸೂಪು ಮತ್ತು ಲಿವರ್ ಯಾವುದರದ್ದು ಎನ್ನುವುದೂ ಸೇರಿ. ಪ್ರಾಣಿಯ ಹೆಸರೇ ಕೊಡದ ಪೌಚ್‌ಗೆ ಕೆಂಪು ಚೀಟಿ. ಅಲರ್ಜಿ ಇರುವ ಬೆಕ್ಕಿಗೆ ಅದನ್ನು ಕೇಳಿದರೆ ನಾವು ಕೊಡುವುದಿಲ್ಲ, ದಯವಿಟ್ಟು ಬೇಸರ ಮಾಡಬೇಡಿ. ಕಂಪನಿಗಳು ಒಳಗಿನ ಸಾಮಾನು ಆಗಾಗ ಬದಲಿಸುತ್ತವೆ, ಆದ್ದರಿಂದ ಹೊಸ ಲಾಟ್ ಬಂದಾಗಲೆಲ್ಲ ಮತ್ತೆ ಓದಿ ಚೀಟಿ ಬದಲಿಸುತ್ತೇವೆ.

ಅಲರ್ಜಿ ಬಗ್ಗೆ ಗಲ್ಲೆಯಲ್ಲಿ ದಿನಾ ಕೇಳುವ ಪ್ರಶ್ನೆ ಒಂದುಂಟು. "ಎರಡು ವರ್ಷದಿಂದ ಅದನ್ನೇ ತಿನ್ನುತ್ತಿದೆ, ಏನೂ ಆಗಿರಲಿಲ್ಲ. ಈಗ ಹೇಗೆ ಅಲರ್ಜಿ?" ನಿಜ ಹೇಳಬೇಕೆಂದರೆ ಅಲರ್ಜಿ ಹಾಗೆಯೇ ಬರುವುದು. ಮತ್ತೆ ಮತ್ತೆ ತಿಂದ ಪ್ರೋಟೀನನ್ನು ದೇಹ ಒಂದು ದಿನ ವೈರಿ ಅಂದುಕೊಳ್ಳುತ್ತದೆ. ಆದ್ದರಿಂದ ಬೆಕ್ಕು ಜಾಸ್ತಿ ತಿಂದದ್ದರ ಮೇಲೆಯೇ ಅನುಮಾನ ಜಾಸ್ತಿ. ಆಹಾರ ಅಲರ್ಜಿ ಇದ್ದ 78 ಬೆಕ್ಕುಗಳ ವರದಿಗಳನ್ನು ಒಟ್ಟು ಮಾಡಿ 2016ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ದನದ ಮಾಂಸಕ್ಕೆ ಅಲರ್ಜಿ ಇದ್ದವು ನೂರಕ್ಕೆ 18, ಮೀನಿಗೆ 17, ಕೋಳಿಗೆ 5. ಮೀನಿನ ಆ ಅಂಕೆಯನ್ನು ನಮ್ಮ ಕರಾವಳಿಯವರು ಎರಡು ಸಲ ಓದಬೇಕು. ಮೀನು ಬೆಕ್ಕಿಗೆ ಯಾವಾಗಲೂ ಒಳ್ಳೆಯದೇ ಅಂತ ನಾವೆಲ್ಲ ನಂಬಿದ್ದೇವೆ, ಅಲ್ವಾ?

ಅಲರ್ಜಿ ಹೌದೋ ಅಲ್ಲವೋ ಎಂದು ತಿಳಿಯಲು ರಕ್ತ ಅಥವಾ ಕೂದಲಿನ ಪರೀಕ್ಷೆಗೆ ದುಡ್ಡು ಹಾಕಬೇಡಿ. ಆಹಾರದ ಅಲರ್ಜಿಗೆ ಅವು ನಂಬುವಂಥವಲ್ಲ. ಕೆಂಚನಿಗೆ ಮಾಡಿದ ಹಾಗೆ, ಹಿಂದೆ ತಿನ್ನದ ಒಂದೇ ಮಾಂಸವನ್ನು ಎಂಟು ವಾರ ಕೊಟ್ಟು ನೋಡುವುದೇ ದಾರಿ. ಆಹಾರ ಅಲರ್ಜಿ ಇರುವ ಬೆಕ್ಕುಗಳಲ್ಲಿ ಆರು ವಾರಕ್ಕೆ ನೂರಕ್ಕೆ ಸುಮಾರು 80ರಲ್ಲಿ, ಎಂಟು ವಾರಕ್ಕೆ 90ಕ್ಕೂ ಹೆಚ್ಚಿನವುಗಳಲ್ಲಿ ಗುಣ ಕಾಣುತ್ತದೆ. ಆಮೇಲೆ ಹಳೆಯ ಆಹಾರ ಮತ್ತೆ ಕೊಟ್ಟು ನೋಡಬೇಕು. ತುರಿಕೆ ಮರಳಿ ಬಂದರೆ ಮಾತ್ರ ಅಲರ್ಜಿ ಖಾತ್ರಿ. ಗುಣವಾದ ಬೆಕ್ಕಿಗೆ ಮತ್ತೆ ತುರಿಕೆ ಬರಿಸಲು ಯಾರಿಗೆ ಮನಸ್ಸು ಬರುತ್ತದೆ? ಆದರೂ ಮಾಡಿ. ಇಲ್ಲದಿದ್ದರೆ ಬೆಕ್ಕು ಜೀವನಪೂರ್ತಿ ಕಾರಣವಿಲ್ಲದೆ ಪಥ್ಯದಲ್ಲಿ ಉಳಿಯಬಹುದು.

ಈ ಎಂಟು ವಾರದಲ್ಲಿ ಒಂದು ಕ್ರೀಮ್ ಟ್ರೀಟ್ ನೆಕ್ಕಿದರೂ ಲೆಕ್ಕ ಕೆಡುತ್ತದೆ. ಆ ಟ್ಯೂಬ್‌ಗಳಲ್ಲಿ ಹೆಚ್ಚಿನವು ಟ್ಯೂನಾ ಅಥವಾ ಕೋಳಿ. ನಾವು ಪ್ರೀತಿಯಿಂದ ಚೀಲಕ್ಕೆ ಹಾಕುತ್ತಿದ್ದ ಟ್ರೀಟ್ ಎಷ್ಟು ಮನೆಗಳಲ್ಲಿ ಪಥ್ಯ ಕೆಡಿಸಿತೋ ಎಂದು ಯೋಚಿಸಿದಾಗ ಸಂಕಟವಾಯಿತು. ಅದಕ್ಕೇ ನಿಲ್ಲಿಸಿದ್ದೇವೆ. ಪಕ್ಕದ ಮನೆಯವರು ಹಾಕುವ ಬಂಗುಡೆ ತಲೆಯೂ ಲೆಕ್ಕಕ್ಕೆ ಬರುತ್ತದೆ. ಅವರಿಗೆ ಮೊದಲೇ ಹೇಳಿಬಿಡಿ.

ಪ್ರೋಟೀನನ್ನು ತೀರಾ ಸಣ್ಣ ಚೂರುಗಳಾಗಿ ಒಡೆದು ಮಾಡಿದ ಹೈಡ್ರೊಲೈಸ್ಡ್ ಆಹಾರವೂ ಉಂಟು. ದೇಹಕ್ಕೆ ಅದರ ಗುರುತು ಹತ್ತುವುದು ಕಷ್ಟ. ಅದನ್ನು ಡಾಕ್ಟರ್ ಚೀಟಿ ತಂದವರಿಗೆ ಮಾತ್ರ ತರಿಸಿಕೊಡುತ್ತೇವೆ.

ಇನ್ನು ಊಟಕ್ಕೆ ಹಠ ಮಾಡುವ ಬೆಕ್ಕುಗಳ ವಿಷಯ. ಜೂನ್ 1ನ್ನೇ ಆರಿಸಿಕೊಂಡದ್ದು ಇವರಿಗಾಗಿ. ಅವತ್ತಿನಿಂದ ಜುಲೈ 31ರವರೆಗೆ ಟ್ರಾಲಿಂಗ್ ಬೋಟುಗಳಿಗೆ ರಜೆ. ಮೀನುಗಾರಿಕಾ ಧಕ್ಕೆ ಖಾಲಿ. ನಾಡದೋಣಿಯವರು ತಂದ ಬೂತಾಯಿ ಮೀನಿಗೂ ಬೆಲೆ ಏರುತ್ತದೆ. ವರ್ಷವಿಡೀ ಬೇಯಿಸಿದ ಬೂತಾಯಿ ಮತ್ತು ಅನ್ನ ತಿಂದ ಬೆಕ್ಕು ಒಂದೇ ದಿನದಲ್ಲಿ ಪೌಚ್ ತಿನ್ನಬೇಕಾಗುತ್ತದೆ. ಮೂಸಿ ನೋಡಿ, ಮಣ್ಣು ಮುಚ್ಚಿದ ಹಾಗೆ ನೆಲ ಕೆರೆದು ಹೋಗುತ್ತದೆ. "ಹಸಿವಾದರೆ ತಾನೇ ತಿನ್ನುತ್ತದೆ ಬಿಡಿ" ಎಂದು ನಾವೂ ಹಿಂದೆ ಹೇಳಿದ್ದೇವೆ. ಆ ಮಾತನ್ನು ಇವತ್ತು ವಾಪಸ್ ತೆಗೆದುಕೊಳ್ಳುತ್ತೇವೆ. ಬೆಕ್ಕನ್ನು ಉಪವಾಸ ಕೆಡವಿ ದಾರಿಗೆ ತರಲು ಹೋಗಬಾರದು. ಎರಡು ಮೂರು ದಿನ ಊಟ ಬಿಟ್ಟರೆ ಮೈಯ ಕೊಬ್ಬು ಲಿವರ್‌ಗೆ ತುಂಬಿಕೊಂಡು ಜೀವಕ್ಕೇ ಅಪಾಯವಾಗಬಹುದು. ದಪ್ಪ ಬೆಕ್ಕುಗಳಿಗೆ ಇನ್ನೂ ಜಾಸ್ತಿ. ಒಂದು ಇಡೀ ದಿನ ಏನೂ ಮುಟ್ಟದಿದ್ದರೆ ಅಂಗಡಿಗೆ ಬರಬೇಡಿ, ಡಾಕ್ಟರ್ ಹತ್ತಿರ ಹೋಗಿ.

ಬದಲಾವಣೆ ಈಗಿನಿಂದಲೇ ಶುರು ಮಾಡಿ, ಮೇ ತಿಂಗಳು ಮುಗಿಯುವವರೆಗೆ ಕಾಯಬೇಡಿ. ಹಳೆಯ ಊಟದ ಬದಿಯಲ್ಲಿ ಒಂದು ಚಮಚ ಹೊಸದು. ದಿನಕ್ಕಿಷ್ಟು ಏರಿಸುತ್ತಾ ಏಳರಿಂದ ಹತ್ತು ದಿನ. ಫ್ರಿಡ್ಜ್‌ನಿಂದ ತೆಗೆದದ್ದನ್ನು ಹಾಗೇ ಇಡಬೇಡಿ. ಪೌಚನ್ನು ಬಿಸಿನೀರಿನ ಪಾತ್ರೆಯಲ್ಲಿ ಐದು ನಿಮಿಷ ಇಡಿ, ಕೈಗೆ ಉಗುರು ಬೆಚ್ಚಗೆ ಹತ್ತಿದರೆ ಸಾಕು. ಬೆಕ್ಕು ಊಟ ಒಪ್ಪುವುದು ಮೂಗಿನಿಂದ. ತಣ್ಣಗಿನ ಊಟಕ್ಕೆ ವಾಸನೆ ಏಳುವುದಿಲ್ಲ. ಶೀತವಾಗಿ ಮೂಗು ಕಟ್ಟಿದ ಬೆಕ್ಕು ಊಟ ಬಿಡುವುದೂ ಇದಕ್ಕೇ. ಸಿಹಿಯಂತೂ ಬೆಕ್ಕಿನ ನಾಲಿಗೆಗೆ ಗೊತ್ತೇ ಆಗುವುದಿಲ್ಲ, ಸಿಹಿ ಗುರುತಿಸುವ ಜೀನ್ ಅದರಲ್ಲಿ ಕೆಲಸ ಮಾಡುವುದಿಲ್ಲ. ಹಾಗಾಗಿ ಹಾಲನ್ನಕ್ಕೆ ಸಕ್ಕರೆ ಹಾಕಿ ಪುಸಲಾಯಿಸಿ ಫಲವಿಲ್ಲ. ಹಾಲು ದೊಡ್ಡ ಬೆಕ್ಕುಗಳಲ್ಲಿ ಅನೇಕಕ್ಕೆ ಭೇದಿಯನ್ನೂ ತರುತ್ತದೆ.

ರುಚಿಗಿಂತ ಹದ ಮುಖ್ಯವಾಗುವ ಬೆಕ್ಕುಗಳೂ ಇವೆ. ಮರಿಯಲ್ಲಿ ಯಾವ ಹದ ಅಭ್ಯಾಸವಾಯಿತೋ ಅದನ್ನೇ ಊಟ ಅಂದುಕೊಳ್ಳುತ್ತವೆ. ಗ್ರೇವಿಯಲ್ಲಿ ತುಂಡು, ಜೆಲ್ಲಿಯಲ್ಲಿ ತುಂಡು, ನುಣ್ಣಗಿನ ಮೂಸ್, ಎಳೆ ಎಳೆಯಾದ ಮೀನು. ಒಂದೇ ಕೋಳಿ, ಆದರೆ ಬೆಕ್ಕಿಗೆ ನಾಲ್ಕು ಬೇರೆ ಬೇರೆ ಊಟ. ಅದಕ್ಕೇ ಮಿಕ್ಸ್ ಡಬ್ಬಿ ಬಿಟ್ಟು ಬಿಡಿ ಪೌಚ್ ಮಾರುವುದು. ಒಂದೇ ಮಾಂಸದ ಮೂರು ಹದ ಒಂದೊಂದು ಒಯ್ಯಿರಿ, ಯಾವುದು ಖಾಲಿಯಾಯಿತು ನೋಡಿ, ಆಮೇಲೆ ಅದನ್ನೇ ಕೊಳ್ಳಿ. ಮಿಕ್ಸ್ ಡಬ್ಬಿಯಲ್ಲಿ ಬೆಕ್ಕು ನಾಲ್ಕು ತಿಂದು ಎಂಟು ಬಿಟ್ಟರೆ ದುಡ್ಡು ಹೋಗುವುದು ನಿಮ್ಮದು.

ಗ್ರೇವಿ ನೆಕ್ಕಿ ತುಂಡು ಬಿಡುತ್ತದೆ ಎಂದು ಒಬ್ಬರು ಮೂರು ಕಂಪನಿ ಬದಲಿಸಿದರು. ಒಂದು ದಿನ ಬೆಕ್ಕನ್ನೇ ಬುಟ್ಟಿಯಲ್ಲಿ ತಂದಿದ್ದರು. ತುಟಿ ಎತ್ತಿ ನೋಡಿದರೆ ಹಿಂದಿನ ಹಲ್ಲಿನ ಬುಡ ಕೆಂಪಗೆ ಊದಿತ್ತು. ಅದಕ್ಕೆ ಹಠ ಇರಲಿಲ್ಲ, ನೋವಿತ್ತು. ಚೆನ್ನಾಗಿ ತಿನ್ನುತ್ತಿದ್ದ ಬೆಕ್ಕು ಒಮ್ಮೆಲೇ ಊಟ ಕಡಿಮೆ ಮಾಡಿದರೆ ಹಲ್ಲು ತೋರಿಸಿ. ವಯಸ್ಸಾಗಿದ್ದರೆ ಕಿಡ್ನಿಯೂ ನೋಡಿಸಿ.

ಲೇಬಲ್‌ನಲ್ಲಿ ಇನ್ನೊಂದು ಪದ ಹುಡುಕಿ: 'ಕಂಪ್ಲೀಟ್'. ಅದಿದ್ದರೆ ಪೂರ್ತಿ ಊಟ. 'ಕಾಂಪ್ಲಿಮೆಂಟರಿ' ಅಂತ ಇದ್ದರೆ ಅದು ಪಲ್ಯದ ಹಾಗೆ, ಅನ್ನ ಬೇರೆ ಬೇಕು. ಬರೀ ಟ್ಯೂನಾ ಎಳೆಗಳ ಚಂದದ ಡಬ್ಬಿಗಳಲ್ಲಿ ಹಲವು ಈ ಎರಡನೇ ಜಾತಿಯವು. ಬೆಕ್ಕಿಗೆ ಟಾರಿನ್ ಎಂಬ ಪೋಷಕಾಂಶ ಆಹಾರದಿಂದಲೇ ಸಿಗಬೇಕು. ಅದು ಕಡಿಮೆಯಾದರೆ ಕಣ್ಣಿನ ಪರದೆ ಹಾಳಾಗುತ್ತದೆ, ಹೃದಯ ಹಿಗ್ಗಿ ಸೋಲುತ್ತದೆ. ಹೃದಯದ ಈ ಕಾಯಿಲೆಗೂ ಟಾರಿನ್‌ಗೂ ಇರುವ ನಂಟು 1987ರಲ್ಲಿ ಪತ್ತೆಯಾದ ಮೇಲೆಯೇ ಕಂಪನಿಗಳು ಅದರ ಪ್ರಮಾಣ ಏರಿಸಿದವು. ಮನೆಯಲ್ಲಿ ಬೇಯಿಸಿ ಹಾಕುವವರು ಬೇಯಿಸಿದ ನೀರು ಚೆಲ್ಲಬೇಡಿ, ಟಾರಿನ್ ಆ ನೀರಿಗೆ ಇಳಿಯುತ್ತದೆ. ಆದರೂ ಬರೀ ಬೂತಾಯಿ ಅನ್ನ ವರ್ಷಗಟ್ಟಲೆ ಸಾಲದು. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರು ಒಂದು ಚಮಚವೂ ಬೇಡ. ಅದು ಬೆಕ್ಕಿನ ರಕ್ತಕಣ ಒಡೆಯುತ್ತದೆ.

ಪೌಚ್‌ನಲ್ಲಿ ಪ್ರೋಟೀನ್ ನೂರಕ್ಕೆ 10, ಡ್ರೈ ಫುಡ್‌ನಲ್ಲಿ 32 ಎಂದು ನೋಡಿ ಗಾಬರಿಯಾಗುವವರಿದ್ದಾರೆ. ಪೌಚ್‌ನಲ್ಲಿ 80 ಭಾಗ ನೀರು. ನೀರು ತೆಗೆದು ಲೆಕ್ಕ ಹಾಕಿದರೆ ಆ 10, 50 ಆಗುತ್ತದೆ. ನೀರು ಕಡಿಮೆ ಕುಡಿಯುವ ಬೆಕ್ಕಿಗೆ ಆ ನೀರೂ ಲಾಭವೇ. ನಾಲ್ಕು ಕಿಲೋ ಬೆಕ್ಕಿಗೆ ಬರೀ ಪೌಚ್ ಹಾಕುವುದಾದರೆ 85 ಗ್ರಾಂನದು ದಿನಕ್ಕೆ ಸುಮಾರು ಮೂರು ಬೇಕಾಗುತ್ತದೆ. ಒಡೆದ ಪೌಚ್ ಫ್ರಿಡ್ಜ್‌ನಲ್ಲಿ ಮುಚ್ಚಿಟ್ಟು ಎರಡು ದಿನದೊಳಗೆ ಮುಗಿಸಿ. ನಮ್ಮ ಸೆಕೆಯಲ್ಲಿ ತಟ್ಟೆಯಲ್ಲಿ ಒಂದು ಗಂಟೆಗಿಂತ ಜಾಸ್ತಿ ಬಿಡಬೇಡಿ.

ದುಡ್ಡಿನ ವಿಷಯ ನೇರವಾಗಿ ಹೇಳುತ್ತೇವೆ. ಡಬ್ಬಿಗೆ ಸಿಗುತ್ತಿದ್ದ ರಿಯಾಯಿತಿ ಹೋಗುತ್ತದೆ. ಅದರ ಬದಲು ಒಂದೇ ಬಗೆಯ ಪೌಚ್ ಆರು ಕೊಂಡರೆ ಅದೇ ರಿಯಾಯಿತಿ ಬಿಡಿಯಲ್ಲೇ ಕೊಡುತ್ತೇವೆ. ಬಾತು, ಮೊಲದಂಥವು ಕೋಳಿಗಿಂತ ದುಬಾರಿ, ಅದನ್ನು ಇಳಿಸುವುದು ನಮ್ಮ ಕೈಯಲ್ಲಿಲ್ಲ. ಬೆಕ್ಕು ಒಪ್ಪದಿದ್ದರೆ ಒಡೆಯದ ಪೌಚ್ 15 ದಿನದೊಳಗೆ ವಾಪಸ್ ತನ್ನಿ, ಪೂರ್ತಿ ದುಡ್ಡು ಕೊಡುತ್ತೇವೆ. ಎಂಟು ವಾರದ ಪಥ್ಯ ಶುರು ಮಾಡುವವರು ಮೊದಲ ದಿನವೇ ನಮಗೆ ತಿಳಿಸಿ. ನಿಮ್ಮ ಹೆಸರಲ್ಲಿ ಎಂಟು ವಾರಕ್ಕೆ ಬೇಕಾದಷ್ಟು ಪೌಚ್ ತೆಗೆದಿಡುತ್ತೇವೆ. ಅದಕ್ಕೆ ಮುಂಗಡ ಬೇಡ, ವಾರ ವಾರ ಒಯ್ಯುವಾಗ ಕೊಟ್ಟರೆ ಸಾಕು. ಕೆಂಚನಿಗೆ ಆದ ಹಾಗೆ ನಡುವಿನಲ್ಲಿ ಖಾಲಿಯಾಗಬಾರದು.

ಕೆಂಚ ಎರಡನೇ ಸಲ ಎಂಟು ವಾರ ಮುಗಿಸಿದ. ಕೋಳಿ ಮತ್ತೆ ಕೊಟ್ಟು ನೋಡಿದಾಗ ಮೂರನೇ ದಿನ ತುರಿಕೆ ಬಂತು. ಕೋಳಿ ನಿಂತಿತು, ತುರಿಕೆಯೂ ನಿಂತಿತು. ಕುತ್ತಿಗೆಯಲ್ಲಿ ಹೊಸ ಕೂದಲು ಬಂದಿದೆ, ಮೊದಲಿನದಕ್ಕಿಂತ ಸ್ವಲ್ಪ ತಿಳಿ ಬಣ್ಣ. ಚೀಟಿಗಳ ಕನ್ನಡ ತಿದ್ದಿಕೊಟ್ಟವರು ಟೀಚರೇ.

ಮುಂದಿನ ಸಲ ಬರುವಾಗ ನಿಮ್ಮ ಬೆಕ್ಕು ಈಗ ತಿನ್ನುತ್ತಿರುವ ಪೌಚ್‌ನ ಖಾಲಿ ಕವರ್ ತನ್ನಿ. ತೊಳೆಯದಿದ್ದರೂ ಅಡ್ಡಿಯಿಲ್ಲ. ಹಿಂಬದಿಯನ್ನು ಒಟ್ಟಿಗೆ ಓದೋಣ. ಭೂತಗನ್ನಡಿ ಗಲ್ಲೆಯ ಮೇಲೆಯೇ ಇಟ್ಟಿದ್ದೇವೆ.

ನಿಮ್ಮ ಅಂಗಡಿಯ ಅಕ್ಕ ಮತ್ತು ತಮ್ಮ
ಮಂಗಳೂರು