ಪ್ರೋಬ್ ಯಾರ ಕೈಯಲ್ಲಿ?

ಗೆಳೆಯಾ,

ನೀನು ಕಳಿಸಿದ ಜಾಹೀರಾತಿನ ಫೋಟೋ ನೋಡಿದೆ. ‘ಆರೇ ತಿಂಗಳಲ್ಲಿ ಅಲ್ಟ್ರಾಸೌಂಡ್ ಟೆಕ್ನಿಷಿಯನ್ ಆಗಿ, ಕೆಲಸ ಗ್ಯಾರಂಟಿ.’ ಮಗಳನ್ನು ಸೇರಿಸಲಾ ಅಂತ ಕೇಳಿದ್ದೀಯ. ಈ ಪತ್ರ ಓದಿ ಮುಗಿಸುವ ತನಕವಾದರೂ ದುಡ್ಡು ಕಟ್ಟಬೇಡ ಮಾರಾಯ.

ನಾನು ಅಮೆರಿಕದಲ್ಲಿ ಅದನ್ನೇ ಕಲಿಯುತ್ತಿದ್ದೇನಲ್ಲ, ಅದಕ್ಕೆ ನಿನಗೆ ಈ ಯೋಚನೆ ಬಂದಿರಬೇಕು. ಶಿವಮೊಗ್ಗದಲ್ಲಿ ಒಂಬತ್ತು ವರ್ಷ ಎಕ್ಸ್‌ರೇ ತೆಗೆದವನು ನಾನು. ಹೆಂಡತಿಗೆ ಇಲ್ಲಿ ನರ್ಸ್ ಕೆಲಸ ಸಿಕ್ಕಿತು, ಜೊತೆಗೆ ಬಂದೆ. ನಲವತ್ತಕ್ಕೆ ಮತ್ತೆ ಬ್ಯಾಗ್ ಹೆಗಲಿಗೇರಿತು. ಎರಡು ವರ್ಷದ ಕೋರ್ಸ್. ಕ್ಲಾಸಿನಲ್ಲಿ ನಾವು ಗಂಡಸರು ಇಬ್ಬರೇ.

ಎಕ್ಸ್‌ರೇಯಲ್ಲಿ ಏನಿತ್ತು? ಪೇಷಂಟನ್ನು ಸರಿಯಾಗಿ ನಿಲ್ಲಿಸು, ಉಸಿರು ಹಿಡಿಯಲು ಹೇಳು, ಗುಂಡಿ ಒತ್ತು. ಇಲ್ಲಿ ಚಿತ್ರವನ್ನು ಕೈಯೇ ಹುಡುಕಬೇಕು. ಮೊದಲು ನಾವು ಒಬ್ಬರ ಹೊಟ್ಟೆ ಮೇಲೆ ಇನ್ನೊಬ್ಬರು ಕಲಿತೆವು. ನನಗೆ ಬಂದಿದ್ದು ಎಡಗಡೆಯ ಕಿಡ್ನಿ. ಬಲಗಡೆಯದು ಸುಲಭ, ಲಿವರ್ ಒಳ್ಳೆ ಕಿಟಕಿಯ ಹಾಗೆ ದಾರಿ ಬಿಡುತ್ತದೆ. ಎಡಗಡೆ ಮುಂದಿನಿಂದ ನೋಡಿದರೆ ಕರುಳಿನ ಗ್ಯಾಸು ಅಡ್ಡ. ಗಾಳಿ ಬಂತೆಂದರೆ ಅಲ್ಟ್ರಾಸೌಂಡಿನ ಆಟ ಮುಗಿಯಿತು. ಚರ್ಮಕ್ಕೂ ಪ್ರೋಬಿಗೂ (ಮೈ ಮೇಲೆ ಆಡಿಸುತ್ತಾರಲ್ಲ, ಆ ಹಿಡಿಕೆ) ನಡುವೆ ಜೆಲ್ ಹಚ್ಚುವುದೂ ಅದಕ್ಕೇ. ಇಪ್ಪತ್ತು ನಿಮಿಷ ಹುಡುಕಿದೆ. ಪರದೆ ತುಂಬ ಬೂದು ಮಂಜು, ಥೇಟ್ ಮಳೆಗಾಲದ ಆಗುಂಬೆ. ಬೆಳಗಿನಿಂದ ಉಪವಾಸವಿದ್ದ ಸಹಪಾಠಿ ಮಲಗಿದಲ್ಲಿಂದಲೇ ‘ನನಗೆ ಕಿಡ್ನಿ ಇದೆ ತಾನೇ?’ ಅಂದ.

ಮೇಡಂ ಬಂದು ನನ್ನ ಕೈ ಮೇಲೆ ತಮ್ಮ ಕೈ ಇಟ್ಟರು. ಪ್ರೋಬನ್ನು ಪಕ್ಕೆಯಿಂದ ಇನ್ನೂ ಹಿಂದಕ್ಕೆ ಜಾರಿಸಿದರು, ನನ್ನ ಬೆರಳಿನ ಗೆಣ್ಣು ಹಾಸಿಗೆಗೆ ತಾಗುವ ತನಕ. ‘ಗೆಣ್ಣು ಹಾಸಿಗೆಗೆ ತಾಗದಿದ್ದರೆ ನೀನು ಇನ್ನೂ ಮುಂದೆಯೇ ಇದ್ದೀಯ’ ಅಂದರು. ಮಣಿಕಟ್ಟು ಸ್ವಲ್ಪ ಓರೆ ಮಾಡಿದರು. ಮಂಜಿನೊಳಗಿಂದ ಗುಲ್ಮ (ಸ್ಪ್ಲೀನ್) ಬಂತು, ಅದರ ಕೆಳಗೆ ಕಿಡ್ನಿ. ಸುತ್ತ ಕಪ್ಪು, ನಡುವೆ ಬಿಳಿ. ದೊಡ್ಡದೊಂದು ಗೇರುಬೀಜವೇ. ಅಳೆದರೆ 11 ಸೆಂಟಿಮೀಟರ್. ಮನೆಗೆ ಹೋಗಿ ಹೆಂಡತಿಗೆ ಮೂರು ಸಲ ಹೇಳಿದೆ.

ಮೆಷಿನ್‌ಗೆ ಕಿಡ್ನಿಯೂ ಗೊತ್ತಿಲ್ಲ, ಲಿವರೂ ಗೊತ್ತಿಲ್ಲ ಕಣೋ. ಶಬ್ದ ಕಳಿಸುತ್ತದೆ, ಎಷ್ಟು ಹೊತ್ತಿಗೆ ವಾಪಸ್ ಬಂತು ಅಂತ ಲೆಕ್ಕ ಹಾಕುತ್ತದೆ, ಅಷ್ಟೇ. ಮೈಯೊಳಗೆ ಶಬ್ದ ಸೆಕೆಂಡಿಗೆ 1540 ಮೀಟರ್ ಹೋಗುತ್ತದೆ ಅಂತ ಅದರ ನಂಬಿಕೆ. ಒಂದು ಸೆಂಟಿಮೀಟರ್ ಆಳಕ್ಕೆ ಹೋಗಿ ಬರಲು 13 ಮೈಕ್ರೋಸೆಕೆಂಡ್. ಇಲ್ಲಿ ಈ ಭೌತಶಾಸ್ತ್ರಕ್ಕೇ ಬೇರೆ ಪರೀಕ್ಷೆ ಇದೆ: 110 ಪ್ರಶ್ನೆ, ಎರಡು ಗಂಟೆ. ಅದರ ಜೊತೆ ಹೊಟ್ಟೆಯದ್ದೋ ಗರ್ಭಿಣಿಯರದ್ದೋ ಇನ್ನೊಂದು ಪರೀಕ್ಷೆ ಪಾಸಾದರೆ ಹೆಸರಿನ ಮುಂದೆ RDMS ಅಂತ ನಾಲ್ಕಕ್ಷರ. ಆಸ್ಪತ್ರೆಯವರು ಮೊದಲು ನೋಡುವುದೇ ಅದನ್ನು.

ಈಗ ಆಸ್ಪತ್ರೆಯಲ್ಲಿ ತರಬೇತಿ ನಡೀತಾ ಇದೆ. ಸಂಬಳ ಇಲ್ಲ. ಭುಜ ಮಾತ್ರ ಈಗಲೇ ನೋಯುತ್ತದೆ, ಈ ವೃತ್ತಿಯವರಿಗೆ ಮಾಮೂಲಿ ಕಾಯಿಲೆಯಂತೆ. ಮೊನ್ನೆ ಒಬ್ಬ ಹೆಂಗಸಿನ ಪಿತ್ತಕೋಶ ನೋಡುತ್ತಿದ್ದೆ. ತಳದಲ್ಲಿ ಬೆಳ್ಳಗೆ ಹೊಳೆಯುವ ನಾಲ್ಕೈದು ಕಾಳು, ಹಿಂದೆ ಕಪ್ಪು ನೆರಳು. ಎಡಮಗ್ಗುಲಿಗೆ ತಿರುಗಿ ಅಂದೆ. ತಿರುಗಿದರು. ಕಾಳುಗಳೆಲ್ಲ ಉರುಳಿಕೊಂಡು ಆ ಕಡೆ ಹೋದವು. ಕಲ್ಲೇ, ಸಂಶಯವಿಲ್ಲ. ಆದರೆ ನಾನು ಬಾಯಿ ಬಿಡುವ ಹಾಗಿಲ್ಲ. ರಿಪೋರ್ಟ್ ಕೊಡುವುದು ರೇಡಿಯಾಲಜಿಸ್ಟ್. ಆ ಹೆಂಗಸೋ ಪರದೆ ನೋಡುತ್ತಿರಲಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದರು. ಶಿವಮೊಗ್ಗದಲ್ಲಾದರೆ ‘ಮೂಳೆ ಮುರಿದಿದೆ ಅಜ್ಜಿ, ಡಾಕ್ಟ್ರ ಹತ್ರ ಹೋಗಿ’ ಅಂತ ಸಲೀಸಾಗಿ ಹೇಳಿಬಿಡುತ್ತಿದ್ದೆ. ಅದೂ ತಪ್ಪೇ, ಬಿಡು.

ಈಗ ನಿನ್ನ ಮಗಳ ವಿಷಯ. ಇಲ್ಲಿ ಸ್ಕ್ಯಾನ್ ಮಾಡುವವರು ಟೆಕ್ನಿಷಿಯನ್, ಓದುವವರು ಡಾಕ್ಟರ್. ನಮ್ಮಲ್ಲಿ ಪ್ರೋಬ್ ಹಿಡಿಯುವವರೂ ಡಾಕ್ಟರೇ. ನಿನ್ನ ಹೆಂಡತಿ ಬಸುರಿಯಾಗಿದ್ದಾಗ ಸ್ಕ್ಯಾನಿಂಗ್ ಸೆಂಟರಿನ ಗೋಡೆ ಮೇಲೆ ಬೋರ್ಡ್ ನೋಡಿದ್ದೆಯಲ್ಲ, ಭ್ರೂಣಲಿಂಗ ಪತ್ತೆ ಅಪರಾಧ ಅಂತ? ಆ 1994ರ ಕಾಯ್ದೆ ಬಂದಿದ್ದು ಹೆಣ್ಣುಮಕ್ಕಳನ್ನು ಹೊಟ್ಟೆಯಲ್ಲೇ ಮುಗಿಸುವುದನ್ನು ತಡೆಯಲು. ಅದಕ್ಕೇ ಪ್ರತಿ ಮೆಷಿನ್ ನೋಂದಣಿ ಆಗಬೇಕು, ಪ್ರತಿ ಗರ್ಭಿಣಿಗೂ ಸ್ಕ್ಯಾನಿನ ವಿವರದ ‘ಎಫ್’ ಫಾರ್ಮ್ ತುಂಬಬೇಕು, ಯಾರು ಸ್ಕ್ಯಾನ್ ಮಾಡಬಹುದು ಅನ್ನುವುದಕ್ಕೂ ಕಟ್ಟುನಿಟ್ಟು. ಎಂಬಿಬಿಎಸ್ ಮಾಡಿದವರಿಗೂ ಇದಕ್ಕೆ ಆರು ತಿಂಗಳ ತರಬೇತಿ ಬೇಕು ಅಂತ 2014ರಲ್ಲಿ ನಿಯಮ ಬಂದಿದೆ. ಹಾಗಿರುವಾಗ ಪಿಯುಸಿ ಮುಗಿಸಿದ ಹುಡುಗಿಗೆ ಆರು ತಿಂಗಳಲ್ಲಿ ಯಾರು ಪ್ರೋಬ್ ಕೊಡುತ್ತಾರೆ, ನೀನೇ ಹೇಳು. ಕೊನೆಗೆ ಜೆಲ್ ಹಚ್ಚುವುದು, ಫಾರ್ಮ್ ತುಂಬುವುದು, ಹೆಸರು ಕೂಗುವುದು, ಇಷ್ಟೇ ಸಿಗುವುದು.

ಈ ದಾರಿಯಲ್ಲಿ ಅವಳಿಗೆ ನಿಜವಾಗಿ ಆಸಕ್ತಿ ಇದ್ದರೆ ಬಿ.ಎಸ್ಸಿ. ಮೆಡಿಕಲ್ ಇಮೇಜಿಂಗ್ ಮಾಡಲಿ. ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ಕೆಳಗೆ ಬೇಕಾದಷ್ಟು ಕಾಲೇಜುಗಳಿವೆ, ಇಂಟರ್ನ್‌ಶಿಪ್ ಸೇರಿ ನಾಲ್ಕು ವರ್ಷ. ಎಕ್ಸ್‌ರೇ, ಸಿಟಿ, ಎಂಆರ್‌ಐ ಎಲ್ಲ ಟೆಕ್ನಿಷಿಯನ್ ಕೈಯಲ್ಲೇ ನಡೆಯುವ ಕೆಲಸ. ಮುಂದೆ ಹೊರದೇಶಕ್ಕೆ ಬಂದು ಅಲ್ಟ್ರಾಸೌಂಡ್ ಕಲಿಯುತ್ತೇನೆ ಅಂದರೂ ಆ ಓದು ಬುನಾದಿ. ಸೇರುವ ಮೊದಲು ಆ ಕಾಲೇಜಿಗೆ ಸ್ವಂತ ಆಸ್ಪತ್ರೆ ಇದೆಯಾ ನೋಡು. ಪೇಷಂಟೇ ಇಲ್ಲದ ಕಡೆ ಏನು ಕಲಿಯುವುದು?

ಭಾನುವಾರ ನನಗೆ ರಜ. ನಿಮಗೆ ಸಂಜೆಯಾದಾಗ ಅವಳ ಕೈಲೇ ಫೋನ್ ಮಾಡಿಸು, ನೀನು ಪಕ್ಕದಲ್ಲಿ ಕೂತು ಮಾತಾಡಬೇಡ. ಮತ್ತೆ, ಪಿಯುಸಿ ಫಿಸಿಕ್ಸ್ ಪುಸ್ತಕ ಗುಜರಿಗೆ ಹಾಕಿಬಿಟ್ಟೀಯ ಮಾರಾಯ. ಅಲೆ, ಶಬ್ದ ಎಲ್ಲ ಅದರಲ್ಲೇ ಇದೆ. ನನ್ನದನ್ನು ಮಾರಿಕೊಂಡು ಈಗ ಮಗನ ಪುಸ್ತಕ ಕೇಳಿ ಓದುತ್ತಿದ್ದೇನೆ.

ನಿನ್ನ
ಹಳೇ ಬೆಂಚಿನ ಗೆಳೆಯ